ದೊರೆ ಅಂಗಳಕ್ಕೆ ಇಳಿದದ್ದು

ನನ್ನ ಅಣ್ಣನ ಹೆಂಡತಿಗೆ ಮಂಗಳವಾರ ಬಂತೆಂದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ವಾರದ ಉಳಿದ ದಿನಗಳಲ್ಲಿ ಅತ್ತಿಗೆ ತಮ್ಮ ಹೊಲಿಗೆ ಅಂಗಡಿ ಬಿಟ್ಟು ಕದಲುವವರಲ್ಲ. ಶಾಲೆ ಮಕ್ಕಳ ಸಮವಸ್ತ್ರ, ಆಸ್ಪತ್ರೆಯವರ ಬಿಳಿ ಕೋಟು, ಹೋಟೆಲಿನ ಪರದೆ, ಏನು ಬಂದರೂ ಇಲ್ಲವೆನ್ನದೆ ಹೊಲಿಯುತ್ತಾರೆ. ಮಂಗಳವಾರ ಮಾತ್ರ ಅಂಗಡಿಗೆ ರಜೆ. ಬೇರೆ ಊರುಗಳ ಹಾಗೆ ನಮ್ಮೂರ ಮೃಗಾಲಯಕ್ಕೆ ಮಂಗಳವಾರ ರಜೆಯಿಲ್ಲ. ಅವತ್ತು ಬೆಳಗಿನ ಕೆಲಸ ಮುಗಿಸಿ, ಡಬ್ಬಿಗೆ ಊಟ ತುಂಬಿಕೊಂಡು, ಬಸ್ಸು ಹತ್ತಿ ಮೃಗಾಲಯಕ್ಕೆ ಹೋದರೆ ಹಿಂತಿರುಗುವುದು ಸಂಜೆಗೇ.

ಮದುವೆಯಾಗಿ ಬಂದ ಹೊಸತರಲ್ಲೇ ಈ ಹುಚ್ಚು ಹತ್ತಿತು. ಹತ್ತಿಸಿದವಳು ನಾನೇ. ಆಗ ನಾನು ಹೈಸ್ಕೂಲು ಹುಡುಗಿ. ಹೊಸ ಅತ್ತಿಗೆಗೆ ಊರು ತೋರಿಸಿಕೊಂಡು ಬಾ ಎಂದು ಅಣ್ಣ ಕಳಿಸಿದ. ನನಗೆ ಗೊತ್ತಿದ್ದ ಊರೆಂದರೆ ಮೃಗಾಲಯ ಅಷ್ಟೇ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ ಅತ್ತಿಗೆ, ಪಟ್ಟೆಕುದುರೆಯ ಮುಂದೆ ನಿಂತು ತಾವಾಗಿಯೇ ಬಾಯಿ ಬಿಟ್ಟರು.

"ಇಲ್ನೋಡು, ಹೆಗಲ ಹತ್ರ ಪಟ್ಟೆಗೆ ಪಟ್ಟೆ ಹೇಗೆ ಸೇರಿದೆ. ಒಂದು ನೂಲು ಆಚೀಚೆ ಇಲ್ಲ. ತೋಳು ಕೂರಿಸೋವಾಗ ಹೀಗೆ ಬರ್ಲಿ ಅಂತ ನಾನು ಎಷ್ಟು ಒದ್ದಾಡ್ತೀನಿ."

ಜಿರಾಫೆಯ ಕತ್ತಿಗೆ ಕಾಲರ್ ಇಡಬೇಕಾದರೆ ಎಷ್ಟು ಬಟ್ಟೆ ಬೇಕಾದೀತು, ಘೇಂಡಾಮೃಗದ ಚರ್ಮ ಯಾಕೆ ಅಳತೆ ತಪ್ಪಿ ಹೊಲಿದ ಅಂಗಿಯ ಹಾಗೆ ಮಡಿಕೆ ಮಡಿಕೆಯಾಗಿದೆ ಎಂದು ದಾರಿಯುದ್ದಕ್ಕೂ ಮಾತು. ನಾವಿಬ್ಬರೂ ಅತ್ತಿಗೆ ನಾದಿನಿ ಎನ್ನುವುದನ್ನು ಮರೆತು ಗೆಳತಿಯರಾದದ್ದು ಆ ದಿನ.

ಕೊನೆಯಲ್ಲಿ ಸಿಕ್ಕಿದ್ದು ಕರಡಿಯ ಬೋನು. ಕಬ್ಬಿಣದ ಸರಳು, ಸಿಮೆಂಟಿನ ನೆಲ, ಮೂಲೆಯಲ್ಲೊಂದು ನೀರಿನ ತೊಟ್ಟಿ. ಒಳಗೆ ಇನ್ನೂ ಮೀಸೆ ಚಿಗುರದ ಹುಡುಗನಂಥ ಎಳೆಯ ಕರಡಿ. ಅದನ್ನು ನೋಡಿಕೊಳ್ಳುತ್ತಿದ್ದ ಪ್ರಾಣಿಪಾಲಕ ಪ್ರೀತಿಯಿಂದ ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದ. ದೊರೆ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ಹೋಗುತ್ತಿತ್ತು. ಪ್ರತಿ ಸಲವೂ ಅದೇ ಜಾಗದಲ್ಲಿ ಕತ್ತು ಕೊಂಕಿಸಿ ತಿರುಗುತ್ತಿತ್ತು. ಎದುರಿಗೇ ಮರದ ಕೆಳಗೊಂದು ಕಲ್ಲುಬೆಂಚು. ಅದರ ಮೇಲೆ ಕೂತು ಅತ್ತಿಗೆ ಡಬ್ಬಿ ಬಿಚ್ಚಿದರು. ಅಂದಿನಿಂದ ಆ ಬೆಂಚು ಅವರದಾಯಿತು, ಕರಡಿಯೂ ಅವರದಾಯಿತು.

ಅತ್ತಿಗೆಗೆ ತವರುಮನೆ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಸೋದರಮಾವನ ಮನೆಯಲ್ಲಿ ಬೆಳೆದವರು. ನಮ್ಮಮ್ಮನ ನಾಲಗೆ ಮೊದಲೇ ಚೂಪು, ಅಕ್ಕಪಕ್ಕದವರು ಕೇಳಿದರೆ, "ಬೇರೆಯವರ ಸೊಸೆ ವರ್ಷಕ್ಕೊಂದು ಸಲ ತವರಿಗೆ ಹೋಗ್ತಾಳೆ. ನಮ್ಮವಳಿಗೆ ವಾರಕ್ಕೊಂದು ಸಲ. ಕರಡಿ ಅವಳ ತಮ್ಮ" ಎನ್ನುತ್ತಿದ್ದಳು. ಅತ್ತಿಗೆ ನಕ್ಕುಬಿಡುತ್ತಿದ್ದರು. ಅಂಗಡಿ ಬೆಳೆಯಿತು, ನನ್ನ ಮದುವೆಯಾಗಿ ನಾನು ಪಕ್ಕದ ಬೀದಿಗೇ ಬಂದೆ, ಅಣ್ಣನ ತಲೆ ನರೆಯಿತು. ಮಂಗಳವಾರ ಮಾತ್ರ ತಪ್ಪಲಿಲ್ಲ.

ಆಮೇಲೆ ಮೃಗಾಲಯವೇ ಬದಲಾಗತೊಡಗಿತು. ಒಂದು ವಾರ ಹೋದಾಗ ಹುಲಿಯ ಬೋನಿನ ಸುತ್ತ ತಗಡು ಕಟ್ಟಿ, ಕಾಮಗಾರಿ ನಡೆಯುತ್ತಿದೆ ಎಂಬ ಫಲಕ ನೇತುಹಾಕಿದ್ದರು. ಮುಂದಿನ ವಾರ ಕಡಲೆಕಾಯಿ ಮಾರುವವಳು ಇರಲಿಲ್ಲ. ಪ್ರಾಣಿಗಳಿಗೆ ಏನೂ ಎಸೆಯಬಾರದು ಎಂಬ ಹೊಸ ನಿಯಮ. ಹಳೆಯ ಮೆಟ್ಟಿಲುಗಳನ್ನೆಲ್ಲ ಒಡೆದು ಇಳಿಜಾರು ದಾರಿ ಮಾಡಿದರು. ಸರಳು ಹೋಗಿ ಕಂದಕ ಬಂತು, ದಪ್ಪ ಗಾಜು ಬಂತು. ಅತ್ತಿಗೆಯ ಕಲ್ಲುಬೆಂಚೂ ಹೋಯಿತು.

ಅತ್ತಿಗೆಗೆ ಸಿಟ್ಟು ಬರುವುದು ಅಪರೂಪ. ಬಂದರೆ ಮಾತ್ರ ಕತ್ತರಿ ಬಟ್ಟೆಗೆ ಬಿದ್ದ ಹಾಗೆ ಸರ್‍ರನೆ ಹೋಗುತ್ತದೆ. ಚಿರತೆಯ ಹೊಸ ಆವರಣದ ಮುಂದೆ ಮಧ್ಯಾಹ್ನದವರೆಗೆ ನಿಂತರೂ ಚಿರತೆಯ ಬಾಲ ಕೂಡ ಕಾಣದಿದ್ದಾಗ ಸೀದಾ ವಿಚಾರಣೆಯ ಕಿಟಕಿಗೆ ಹೋದರು.

"ಚಿರತೆ ಎಲ್ಲಮ್ಮಾ?"

"ಒಳಗೇ ಇದೆ ಮೇಡಂ. ಗಿಡದ ಹಿಂದೆ ಮಲಗಿರುತ್ತೆ" ಎಂದಳು ಕಿಟಕಿಯ ಹುಡುಗಿ.

"ಮಲಗಿರೋರನ್ನ ನೋಡೋಕೆ ನಮ್ಮನೇಲೇ ಜನ ಇದ್ದಾರೆ. ಗಿಡ ನೋಡೋಕೆ ಟಿಕೆಟ್ ಯಾಕೆ ತಗೋಬೇಕು?"

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಜೆಯ ದಿನವೆಲ್ಲ ನಿದ್ದೆ ಮಾಡುವವನು. ಆ ರಾತ್ರಿ ಊಟಕ್ಕೆ ಕೂತಾಗ ಇದನ್ನು ಕೇಳಿ, "ಮಲಗಿರೋರು ಅಂದ್ರೆ ನಾನೇ ಇರ್ಬೇಕು" ಎಂದು ತನ್ನಷ್ಟಕ್ಕೇ ಹೇಳಿಕೊಂಡನಂತೆ.

ಕೊನೆಗೆ ಕರಡಿಯ ಸರದಿ ಬಂತು. ಹಳೆಯ ಬೋನಿನ ಹಿಂದಿದ್ದ ಖಾಲಿ ಜಾಗವನ್ನೆಲ್ಲ ಸೇರಿಸಿ ದೊಡ್ಡ ಅಂಗಳ ಮಾಡಿದ್ದರು. ಮಣ್ಣಿನ ದಿಬ್ಬ, ಒಂದು ಕೊಳ, ಹತ್ತಲು ಒಣಮರದ ದಿಮ್ಮಿಗಳು, ಮೊಣಕಾಲೆತ್ತರದ ಹುಲ್ಲು. ರಾತ್ರಿ ಮಲಗುವ ಕೋಣೆಯ ಬಾಗಿಲ ಮುಂದೆ ಮಾತ್ರ ಒಂದು ಸಿಮೆಂಟಿನ ಜಗುಲಿ. ಬಾಗಿಲು ತೆರೆದ ವಾರ ಅತ್ತಿಗೆ ನನ್ನನ್ನೂ ಎಳೆದುಕೊಂಡು ಹೋದರು. ನೋಡಿದರೆ ದೊರೆ ಆ ಜಗುಲಿಯ ಮೇಲಿತ್ತು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಹೋಗುತ್ತಿತ್ತು. ಗೋಡೆಯಿಲ್ಲದ ಕಡೆ ಗೋಡೆಯಿದ್ದ ಹಾಗೆ ಕತ್ತು ಕೊಂಕಿಸಿ ತಿರುಗುತ್ತಿತ್ತು. ಒಂದು ಹೆಜ್ಜೆ ಕೆಳಗಿಟ್ಟರೆ ಹುಲ್ಲು. ಆ ಹೆಜ್ಜೆಯನ್ನು ಅದು ಇಡಲಿಲ್ಲ.

ಅತ್ತಿಗೆ ಅವತ್ತು ಡಬ್ಬಿ ಬಿಚ್ಚಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ, "ಇಷ್ಟು ವರ್ಷ ಅವನು ಖುಷಿಯಾಗಿ ಓಡಾಡ್ತಾನೆ ಅಂತ ತಿಳ್ಕೊಂಡಿದ್ದೆ ಕಣೇ" ಎಂದರು. ಅಲ್ಲಿಗೆ ಮೃಗಾಲಯದವರ ಮೇಲಿನ ಅವರ ಸಿಟ್ಟು ಇಳಿದುಹೋಯಿತು. ಆಮೇಲೆ ಅವರ ತಲೆಯಲ್ಲಿ ಇದ್ದದ್ದು ಒಂದೇ, ದೊರೆ ಯಾವಾಗ ಕೆಳಗಿಳಿಯುತ್ತದೆ ಎನ್ನುವುದು.

ಪ್ರಾಣಿಪಾಲಕನಿಗೂ ಅದೇ ಚಿಂತೆ. ದೊರೆ ಮರಿಯಾಗಿದ್ದಾಗಿನಿಂದ ನೋಡಿಕೊಂಡವನು, ಈಗ ಕೆಲಸದಿಂದ ನಿವೃತ್ತಿಯ ಹತ್ತಿರ ಬಂದಿದ್ದ.

"ಹೆದರಿಕೆ ಅಕ್ಕ. ಮಣ್ಣು ಮುಟ್ಟಿ ಗೊತ್ತಿಲ್ಲ ಅವನಿಗೆ. ದಿನಾ ಹಣ್ಣನ್ನ ಸ್ವಲ್ಪ ಸ್ವಲ್ಪ ದೂರ ಇಡ್ತಾ ಇದ್ದೀವಿ. ಹಿಂಗಾಲು ಮೇಲೇ ಇಟ್ಕೊಂಡು, ಮೈಯನ್ನ ರಬ್ಬರ್ ಹಾಗೆ ಎಳೆದು ತಗೋತಾನೆ."

"ಇಳಿದ ದಿನ ನನಗೊಂದು ಫೋನ್ ಹಾಕಣ್ಣ. ಎಂಥ ಕೆಲಸ ಇದ್ರೂ ಬಿಟ್ಟು ಬರ್ತೀನಿ" ಎಂದು ಅತ್ತಿಗೆ ನಂಬರು ಕೊಟ್ಟು ಬಂದರು.

ಇಲ್ಲಿ ನಮ್ಮಮ್ಮನ ವಿಷಯ ಹೇಳಬೇಕು. ಅದಕ್ಕೂ ಒಂದು ವರ್ಷ ಮೊದಲು ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಇನ್ನು ಧೈರ್ಯವಾಗಿ ನಡೆಯಬಹುದು ಎಂದು ಡಾಕ್ಟರು ಹೇಳಿ ಎಷ್ಟೋ ತಿಂಗಳಾಗಿತ್ತು. ಅಮ್ಮ ಮಾತ್ರ ಮಂಚದಿಂದ ಕಿಟಕಿಯ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಅಷ್ಟೇ. ಹೊಸ್ತಿಲ ಹತ್ತಿರ ಬಂದರೆ ವಾಕರ್ ತಿರುಗಿಸಿಬಿಡುತ್ತಿದ್ದಳು. ಬೀದಿಯ ಸುದ್ದಿಯೆಲ್ಲ ಬೇಕು, ಬೀದಿ ಬೇಡ.

ಹೊರಗೆ ಹೋಗದವಳಿಗೆ ಮಂಗಳವಾರದ ಸುದ್ದಿಯೇ ಧಾರಾವಾಹಿಯಾಯಿತು. ಅತ್ತಿಗೆ ಚಪ್ಪಲಿ ಬಿಡುವ ಮೊದಲೇ ಕೋಣೆಯಿಂದ ಪ್ರಶ್ನೆ ಬರುತ್ತಿತ್ತು. ಒಂದು ಸಂಜೆ ನಾನೂ ಅಲ್ಲೇ ಇದ್ದೆ.

"ಎಲ್ಲಿಗೆ ಬಂದ ನಿನ್ನ ತಮ್ಮ?"

"ಇವತ್ತು ಒಂದು ಮುಂಗಾಲು ಹುಲ್ಲಿನ ಮೇಲಿಟ್ಟ ಅತ್ತೆ. ಒದ್ದೆ ಆಯ್ತು ಅಂತ ಕೊಡವಿ ವಾಪಸ್ ತಗೊಂಡ."

"ಜೇನುತುಪ್ಪ ಹಚ್ಚಿ ನೋಡೋಕೆ ಹೇಳು."

"ಹಚ್ಚಿದ್ರಂತೆ. ಜಗುಲಿ ಅಂಚಲ್ಲಿ ಇರೋದನ್ನ ನೆಕ್ಕಿ ಸುಮ್ಮನಾದ."

"ದಡ್ಡ ಮುಂಡೇದು. ಎದುರಿಗೆ ಅಷ್ಟು ದೊಡ್ಡ ಅಂಗಳ ಇಟ್ಕೊಂಡು ಮೂಲೇಲಿ ಸುತ್ತೋದಾ?"

ಅತ್ತಿಗೆ ಅಮ್ಮನ ಹಾಸಿಗೆಯ ಮೇಲಿದ್ದ ಬಟ್ಟೆ ಮಡಿಸತೊಡಗಿದರು. ಅಮ್ಮ ಅವರ ಮುಖವನ್ನೇ ನೋಡಿದಳು.

"ನನ್ನನ್ನ ಅಂದ್ಕೊಂಡ್ಯಾ ಈಗ?"

"ನಾನೇನೂ ಅನ್ನಲಿಲ್ಲ ಅತ್ತೆ."

"ಬಾಯಲ್ಲಿ ಅನ್ನಲಿಲ್ಲ. ನಿನ್ನ ಜೊತೆ ಇಷ್ಟು ವರ್ಷ ಬಾಳಿದ್ದೀನಿ, ನನಗೆ ಗೊತ್ತಾಗಲ್ವಾ?" ಎಂದು ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ಹೆದರಿದೆ. ಬಗ್ಗಿ ನೋಡಿದರೆ ನಗು ತಡೆದುಕೊಳ್ಳುತ್ತಿದ್ದಳು.

ಫೋನು ಬಂದದ್ದು ಮಂಗಳವಾರವಲ್ಲ. ಶಾಲೆಗಳು ಶುರುವಾಗುವ ಸಮಯ, ಅಂಗಡಿಯ ತುಂಬ ಸಮವಸ್ತ್ರದ ರಾಶಿ. ಹಿಂದಿನ ರಾತ್ರಿ ಜೋರು ಮಳೆಯಾಗಿ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ನಾನು ಗುಂಡಿ ಹಚ್ಚಿಕೊಡಲು ಹೋಗಿದ್ದೆ. ಅತ್ತಿಗೆ ಫೋನು ಕಿವಿಗಿಟ್ಟುಕೊಂಡವರು ಅರ್ಧ ಹೊಲಿದ ತೋಳನ್ನು ಯಂತ್ರದಲ್ಲೇ ಬಿಟ್ಟು ಎದ್ದುನಿಂತರು.

"ಇಳಿದ" ಎಂದರು. ಅಷ್ಟೇ.

ಅಂಗಡಿಯ ಬಾಗಿಲು ಎಳೆದುಕೊಂಡು, ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿರುವಂತೆಯೇ ಮನೆಗೆ ಓಡಿದರು. ಚೀಲ ತೆಗೆದುಕೊಂಡು ಹೊರಡುವಷ್ಟರಲ್ಲಿ ಕೋಣೆಯಿಂದ ಅಮ್ಮ ಕೂಗಿದಳು.

"ಏನಂತೆ?"

"ದೊರೆ ಇಳಿದನಂತೆ ಅತ್ತೆ. ಹೋಗಿ ಬರ್ತೀನಿ."

"ನಿಲ್ಲು. ನನ್ನ ಚಪ್ಪಲಿ ಎಲ್ಲಿಟ್ಟಿದ್ದೀಯ?"

ಒಂದು ವರ್ಷ ಬಳಸದ ಚಪ್ಪಲಿ. ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಕಪಾಟಿನ ಕೆಳಗೆ ಒಂದು ಸಿಕ್ಕಿತು, ಇನ್ನೊಂದು ಸಿಗಲೇ ಇಲ್ಲ. ಅಮ್ಮ ನನ್ನ ಕಾಲಿನ ಚಪ್ಪಲಿ ಬಿಡಿಸಿ ತಾನು ಹಾಕಿಕೊಂಡಳು. ನಾನು ಅಣ್ಣನ ದೊಗಲೆ ಚಪ್ಪಲಿ ಮೆಟ್ಟಿ ಬಾಡಿಗೆ ಕಾರು ಹತ್ತಿದೆ. ಹೊಸ್ತಿಲಿಂದ ಕಾರಿನವರೆಗೆ ಅಮ್ಮ ಯಾರ ಕೈಯನ್ನೂ ಹಿಡಿಯಲಿಲ್ಲ, ವಾಕರ್ ಟಕ್ ಟಕ್ ಎನ್ನಿಸುತ್ತ ನಡೆದಳು. ಎದುರುಮನೆಯಾಕೆ ಬಾಗಿಲಿಗೆ ಬಂದು ನೋಡಿದಾಗ, "ಸೊಸೆಯ ತವರಿಗೆ" ಎಂದು ಗತ್ತಿನಿಂದ ಹೇಳಿದಳು.

ಮೃಗಾಲಯದ ಬಾಗಿಲಲ್ಲೇ ಗಾಲಿಕುರ್ಚಿ ಕೊಟ್ಟರು. ವಿಚಾರಣೆಯ ಹುಡುಗಿ ಅತ್ತಿಗೆಯ ಗುರುತು ಹಿಡಿದು, "ಚಿರತೆಯೂ ಇವತ್ತು ಹೊರಗಿದೆ ಮೇಡಂ" ಎಂದು ಮೆಲ್ಲಗೆ ಹೇಳಿದಳು. ನಿಲ್ಲುವ ಪುರುಸೊತ್ತು ಯಾರಿಗಿತ್ತು? ಮೆಟ್ಟಿಲುಗಳಿದ್ದ ಜಾಗದಲ್ಲಿ ಗಾಲಿಕುರ್ಚಿ ಸರಾಗವಾಗಿ ಇಳಿಯಿತು. ಅತ್ತಿಗೆ ತಳ್ಳಿದರು, ನಾನು ಹಿಂದೆ ಚಪ್ಪಲಿ ಎಳೆಯುತ್ತ ಓಡಿದೆ.

ಮಳೆ ನಿಂತ ಮೇಲೆ ದಿಬ್ಬದಲ್ಲಿದ್ದ ಹುತ್ತದಿಂದ ರೆಕ್ಕೆಯ ಗೆದ್ದಲುಗಳು ಹೊಗೆಯ ಹಾಗೆ ಏಳತೊಡಗಿದ್ದವಂತೆ. ದೊರೆ ಮೂಗೆತ್ತಿ ಒಂದು ಕ್ಷಣ ನಿಂತು, ಆಮೇಲೆ ಹುಲ್ಲು, ಕೆಸರು ಏನನ್ನೂ ಲೆಕ್ಕಿಸದೆ ಸೀದಾ ಓಡಿತಂತೆ. ನಾವು ಹೋದಾಗ ಅದು ಹುತ್ತಕ್ಕೆ ಮೂತಿ ತೂರಿಸಿ, ಬಿಸಿ ಕಾಫಿ ಸೊರ್ ಎಂದು ಹೀರುವವರ ಹಾಗೆ ಸದ್ದು ಮಾಡುತ್ತಿತ್ತು. ಮೈಯೆಲ್ಲ ಕೆಸರು. ಉಗುರಿನಿಂದ ಬಗೆದ ಮಣ್ಣು ಹಿಂದಕ್ಕೆ ಹಾರಿ ಅದರದೇ ಬೆನ್ನಿನ ಮೇಲೆ ಬೀಳುತ್ತಿತ್ತು. ಆಮೇಲೆ ಕೊಳಕ್ಕೆ ಇಳಿದು, ನೀರಿನಲ್ಲಿ ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆತ್ತಿತು.

ಪ್ರಾಣಿಪಾಲಕ ಗಾಜಿನ ಪಕ್ಕ ನಿಂತಿದ್ದ. ನಮ್ಮನ್ನು ಕಂಡು ಕೊಳದ ಕಡೆ ಕೈ ತೋರಿಸಿದ. ಅತ್ತಿಗೆ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡರು. ಅಮ್ಮ ಮಾತ್ರ ಕುರ್ಚಿಯಿಂದ ಎದ್ದು, ಗಾಜಿಗೆ ಅಂಗೈ ಊರಿ ನಿಂತು, ಬಹಳ ಹೊತ್ತು ನೋಡಿದಳು. ದೊರೆ ಕೊಳದಿಂದ ಎದ್ದು, ಮೈ ಕೊಡವಿ, ಮತ್ತೆ ದಿಬ್ಬದ ಕಡೆ ನಡೆಯಿತು.

"ಇವನ ನಡಿಗೆ ನೋಡಿದ್ರೆ ನಿಮ್ಮ ಮಾವನದೇ ಕಣೇ" ಎಂದಳು. "ಊಟ ಆದ್ಮೇಲೆ ಹೊಟ್ಟೆ ಕುಲುಕಿಸ್ಕೊಂಡು ಹೀಗೇ ಬರ್ತಿದ್ರು."

ಪ್ರಾಣಿಪಾಲಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅತ್ತಿಗೆ ನಕ್ಕುಬಿಟ್ಟರು; ಆಮೇಲೆ ಅಮ್ಮನೂ ಸೇರಿ ಎಲ್ಲರೂ ನಕ್ಕೆವು.

ಆ ವಾರದ ಸಮವಸ್ತ್ರ ತಡವಾಯಿತು. ಶಾಲೆಯವರು ಗೊಣಗಿದರು. ಅತ್ತಿಗೆ ತಪ್ಪಾಯಿತೆಂದು ಹೇಳಿ, ಅಣ್ಣನನ್ನೂ ಗುಂಡಿ ಹಚ್ಚಲು ಕೂರಿಸಿ, ಒಪ್ಪಿಸಿ ಮುಗಿಸಿದರು. ಅಣ್ಣ ಹಚ್ಚಿದ ಗುಂಡಿಗಳು ಇನ್ನು ಯಾವ ಕಾಲಕ್ಕೂ ಕಿತ್ತುಹೋಗುವುದಿಲ್ಲ. ಬಸ್ಸಿನ ನಟ್ಟಿನ ಹಾಗೆ ಬಿಗಿದಿದ್ದಾನೆ.

ಈಗ ಮಂಗಳವಾರ ಹೋಗುವವರು ಇಬ್ಬರು. ಬಾಗಿಲಲ್ಲಿ ಗಾಲಿಕುರ್ಚಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಕೂರುವುದು ಊಟದ ಡಬ್ಬಿ, ನೀರಿನ ಬಾಟಲಿ, ಎರಡು ಕೊಡೆ. ಅದನ್ನೇ ಊರಿಕೊಂಡು ತಳ್ಳುತ್ತ ಅಮ್ಮ ನಡೆಯುತ್ತಾಳೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕರಡಿಯ ಕಥೆ ಹೇಳುತ್ತಾಳೆ, ಪ್ರತಿ ಸಲ ಸ್ವಲ್ಪ ಉದ್ದ ಮಾಡಿ.

ಹೋದ ವಾರ ನಾನೂ ಹೋಗಿದ್ದೆ. ಮೃಗಾಲಯಕ್ಕೆ ಹೊಸದಾಗಿ ಒಂದು ಜೋಡಿ ನೀರುನಾಯಿ ಬಂದಿವೆ. ಅವುಗಳ ಕೊಳ ಆ ತುದಿಯಲ್ಲಿ, ಏರುದಾರಿ. ಅತ್ತಿಗೆ ನೆರಳಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತ, "ಊಟ ಮಾಡಿ ಹೋಗೋಣ ಅತ್ತೆ, ಸುಸ್ತಾಗಿದೆ" ಎಂದರು.

"ನೀವಿಬ್ರೂ ಕೂತಿರಿ. ನಾನು ನೋಡ್ಕೊಂಡು ಬರ್ತೀನಿ" ಎಂದು ಅಮ್ಮ ಗಾಲಿಕುರ್ಚಿ ತಳ್ಳಿಕೊಂಡು ಏರು ಹತ್ತತೊಡಗಿದಳು. ಅರ್ಧ ದಾರಿಯಲ್ಲಿ ನಿಂತು ಹಿಂತಿರುಗಿ ಕೈ ಬೀಸಿ ಕರೆದಳು. ಡಬ್ಬಿ ಗಾಲಿಕುರ್ಚಿಯಲ್ಲೇ ಹೋಗಿತ್ತು. ಅತ್ತಿಗೆಯೂ ನಾನೂ ಎದ್ದು ಹಿಂದೆಯೇ ಹೋದೆವು.