ವಿಮಾನದ ಹೊಟ್ಟೆಯ ಬಣ್ಣ

ಬೀದಿಯವರೆಲ್ಲ ಅವನನ್ನು ಹಲ್ಲಣ್ಣ ಅಂತಲೇ ಕರೆಯುತ್ತಿದ್ದರು. ಅವನ ಹಲ್ಲು ಉಬ್ಬಿತ್ತು ಅಂತಲ್ಲ, ಅವನ ಕೆಲಸವೇ ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಅಳತೆ ತೆಗೆದು ಕಳಿಸಿದ ಅಚ್ಚನ್ನು ಮುಂದಿಟ್ಟುಕೊಂಡು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಹಾಕಿಕೊಳ್ಳುವವರ ವಯಸ್ಸಿಗೆ ಹೊಂದುವಂತೆ ಒಂಚೂರು ಹಳದಿಯನ್ನೋ ಬೂದುಬಣ್ಣವನ್ನೋ ಸಣ್ಣ ಕುಂಚದಲ್ಲಿ ಹಚ್ಚುತ್ತಿದ್ದ. "ಈ ಊರಲ್ಲಿ ಯಾರೇ ನಕ್ಕರೂ ಅರ್ಧ ನಗು ನಿಂದೇ ಕಣಯ್ಯ" ಎಂದು ಪಕ್ಕದ ಮೇಜಿನಲ್ಲಿ ಕಟ್ಟುಹಲ್ಲಿಗೆ ಹೊಳಪು ಕೊಡುವ ಪಾಲಿಶಿನವನು ತಮಾಷೆ ಮಾಡುತ್ತಿದ್ದ. ಹಲ್ಲಣ್ಣ ಹೂಂ ಅನ್ನುತ್ತಿದ್ದ, ಕುಂಚ ಮಾತ್ರ ಅಲುಗುತ್ತಿರಲಿಲ್ಲ.

ಅವನ ಹೆಂಡತಿ ಜ್ವರವೆಂದು ಮಲಗಿದವಳು ಏಳಲಿಲ್ಲ. ಮೊದಮೊದಲು ಎಲ್ಲರಿಗೂ ಬರುವ ಜ್ವರದ ಹಾಗೇ ಇತ್ತು. ಆಮೇಲೆ ರಕ್ತಕ್ಕೆ ನಂಜು ಏರಿದೆ ಎಂದರು, ಆಸ್ಪತ್ರೆಯಲ್ಲಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸಾಗಿಸಿದರು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಹಲ್ಲಣ್ಣ ಆಗಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ. ಮನೆಗೆ ಬಂದವನು ಅವಳು ಕೊನೆಯ ಸಲ ನೀರು ಕುಡಿದಿದ್ದ ಲೋಟ ತೊಳೆದು ಬೋರಲು ಹಾಕಿದ. ಬಂದವರೆಲ್ಲ ಅವನು ಯಾವಾಗ ಅಳುತ್ತಾನೋ ಎಂದು ಕಾದರು. ಅವನೂ ಕಾದ. ಏನೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲು ಹೌದೋ ಅಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಅವನು ತನ್ನೊಳಗನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಒಂದು ಸಲ ಅತ್ತುಬಿಡೋ, ಎದೆ ಹಗುರ ಆಗುತ್ತೆ" ಎಂದು ಅಕ್ಕ ಭುಜ ಹಿಡಿದು ಅಲುಗಾಡಿಸಿದಳು.

"ಭಾರ ಇದ್ದರೆ ತಾನೇ ಅಕ್ಕಾ" ಎಂದ. ಅಕ್ಕ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅವನು ಅದನ್ನು ಒರಟಾಗಿ ಹೇಳಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದ.

ಎಲ್ಲರೂ ಹೊರಟುಹೋದ ಮೇಲೆ ಮನೆಯಲ್ಲಿ ಉಳಿದವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಮಗಳ ಆರೈಕೆಗೆಂದು ಕೈಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿಕೊಂಡು ಬಂದವರು. ಹೋಗುತ್ತೇನೆ ಎಂದು ಅವರು ಅನ್ನಲಿಲ್ಲ, ಇರಿ ಎಂದು ಇವನು ಅನ್ನಲಿಲ್ಲ. ಬೆಳಿಗ್ಗೆ ಅವರು ಅಡುಗೆ ಮಾಡಿ ಮುಚ್ಚಿಡುತ್ತಿದ್ದರು, ಸಂಜೆ ಇವನು ಪಾತ್ರೆ ತೊಳೆಯುತ್ತಿದ್ದ. ರೈಲಿನಲ್ಲಿ ಒಂದೇ ಸೀಟಿಗೆ ಬಂದು ಕೂತ ಅಪರಿಚಿತರ ಹಾಗೆ ಇಬ್ಬರೂ ಮೊಣಕೈ ತಾಗದಂತೆ ಎಚ್ಚರ ವಹಿಸಿದ್ದರು. ಅತ್ತೆಯೂ ಅತ್ತಿರಲಿಲ್ಲ. ಅದನ್ನು ಹಲ್ಲಣ್ಣ ಗಮನಿಸಿದ್ದ.

ವಿಮಾನದ ಗೀಳು ಹತ್ತಿಸಿದವನು ಪಾಲಿಶಿನವನೇ. ಅವನ ಮಗಳಿಗೆ ಯಾರೋ ಉಡುಗೊರೆ ಕೊಟ್ಟಿದ್ದ ಒಂದು ಪೆಟ್ಟಿಗೆ ಮನೆಯಲ್ಲಿ ಬಿದ್ದಿತ್ತು. ಅವಳು ಮುಚ್ಚಳ ತೆಗೆದು ನೋಡಿ, ಮೂಗು ಮುರಿದು, ಮತ್ತೆ ಮುಚ್ಚಿಟ್ಟಿದ್ದಳಂತೆ. "ಗೋಡೆ ನೋಡ್ಕೊಂಡು ಕೂರೋ ಬದಲು ಇದನ್ನಾದ್ರೂ ಜೋಡಿಸು. ನಿನ್ನ ಕೈಗೆ ಹೇಳಿ ಮಾಡಿಸಿದ ಹಾಗಿದೆ" ಎಂದು ತಂದುಕೊಟ್ಟ. ಯುದ್ಧಕಾಲದ ಒಂದು ವಿಮಾನದ ಚಿಕ್ಕ ಮಾದರಿ. ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟಿಗೆ ರೆಕ್ಕೆ, ಬಾಲ, ಗಾಲಿ ಎಲ್ಲ ಕೊಂಬೆಗೆ ಕಾಯಿ ಅಂಟಿಕೊಂಡ ಹಾಗೆ ಅಂಟಿಕೊಂಡಿದ್ದವು. ಒಂದೊಂದನ್ನೇ ಕತ್ತರಿಸಿ, ಕತ್ತರಿಸಿದ ಜಾಗವನ್ನು ಮರಳುಕಾಗದದಲ್ಲಿ ತೀಡಿ, ಅಂಟು ಹಾಕಿ ಜೋಡಿಸಿ, ಬಿರುಕಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಬೆಂಕಿಕಡ್ಡಿಯ ತಲೆಗಿಂತ ತುಸು ದೊಡ್ಡದಾದ ಪೈಲಟ್ಟಿನ ಮುಖಕ್ಕೂ ಬಣ್ಣ.

ಹಲ್ಲಣ್ಣನಿಗೆ ಅದು ಇಷ್ಟವಾಯಿತು ಎನ್ನಲಾಗದು. ಆದರೆ ಅಂಟು ಒಣಗುವ ತನಕ ಎರಡು ತುಂಡುಗಳನ್ನು ಒತ್ತಿ ಹಿಡಿದು ಕೂತಾಗ ಬೇರೆ ಏನೂ ಮಾಡಬೇಕಿರಲಿಲ್ಲ. ಯಾರಾದರೂ ಬಂದರೂ ಕೈ ತೋರಿಸಿದರೆ ಸಾಕು, ಮಾತಾಡಿಸದೆ ಹೋಗುತ್ತಿದ್ದರು. ಅದು ಮುಗಿದ ಮೇಲೆ ಇನ್ನೊಂದು ತಂದ, ಆಮೇಲೆ ಮತ್ತೊಂದು. ಊಟದ ಮೇಜಿನ ಅರ್ಧ ಭಾಗ ವಿಮಾನಗಳದಾಯಿತು. ಅತ್ತೆ ಅವುಗಳ ಸುತ್ತ ತಟ್ಟೆ ಇಟ್ಟು ಬಡಿಸುತ್ತಿದ್ದರು. ಒಂದು ದಿನ ಧೂಳು ಒರೆಸಲು ಹೋಗಿ ಒಂದರ ಆಂಟೆನಾ ಮುರಿದರು.

"ಕಡ್ಡಿ ಮುರೀತು. ಅದಿಲ್ಲದೆ ಹಾರಲ್ವಾ?" ಎಂದು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಂದರು.

"ಅದಿದ್ರೂ ಹಾರಲ್ಲ ಅತ್ತೆ" ಎಂದ ಹಲ್ಲಣ್ಣ. ಆ ಮನೆಯಲ್ಲಿ ಎಷ್ಟೋ ಕಾಲದ ಮೇಲೆ ನಗುವಿಗೆ ಹತ್ತಿರ ಬಂದಿದ್ದ ಮಾತು ಅದೊಂದೇ.

ಆಮೇಲೆ ದೊಡ್ಡ ಪೆಟ್ಟಿಗೆ ಬಂತು. ಅದರಲ್ಲಿ ಇದ್ದದ್ದು ಎರಡು ಎಂಜಿನ್ನಿನ ಬಾಂಬರ್, ಬಾಂಬು ಹಾಕುವ ವಿಮಾನ. ಇಡೀ ಚಳಿಗಾಲ ಅದಕ್ಕೇ ಹಿಡಿಯಿತು. ಮೇಲ್ಭಾಗಕ್ಕೆ ಹಸಿರು, ಅದರ ಮೇಲೆ ಕಡುಹಸಿರಿನ ಚೂಪು ಮೂಲೆಗಳ ಪಟ್ಟೆ. ಅದೆಲ್ಲ ಮುಗಿಸಿ, ಒಂದು ಭಾನುವಾರ ಮಧ್ಯಾಹ್ನ ವಿಮಾನವನ್ನು ಮಗುಚಿ ಹಳೆಯ ಟವಲಿನ ಮೇಲಿಟ್ಟು ಕೆಳಭಾಗಕ್ಕೆ ತಿಳಿನೀಲಿ ಹಚ್ಚುತ್ತಿದ್ದ. ಅತ್ತೆ ಬಟ್ಟೆ ಮಡಚಲು ಬಂದವರು ಅಲ್ಲೇ ನಿಂತರು. ಮಡಚಿದ್ದ ದಿಂಬಿನ ಚೀಲ ಎದೆಗೆ ಒತ್ತಿಕೊಂಡು ನಿಂತೇ ಇದ್ದರು.

ಅವರಿಗೆ ಬಣ್ಣದ ಬಗ್ಗೆ ಕುತೂಹಲವಿರಬೇಕೆಂದು ಹಲ್ಲಣ್ಣ ವಿವರಿಸಿದ. "ಮೇಲಿಂದ ನೋಡಿದ್ರೆ ಹೊಲದ ಹಾಗೆ ಕಾಣ್ಲಿ ಅಂತ ಹಸಿರು. ಕೆಳಗೆ ಆಕಾಶದ ಬಣ್ಣ. ನೆಲದ ಮೇಲಿರೋರಿಗೆ ಕಾಣಬಾರದು ಅಂತ."

"ಕಾಣುತ್ತಿತ್ತು" ಎಂದರು ಅತ್ತೆ.

ಹಲ್ಲಣ್ಣ ಕುಂಚ ಎತ್ತಿದ.

"ಚೆನ್ನಾಗೇ ಕಾಣುತ್ತಿತ್ತು" ಎಂದು ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ದಿಂಬಿನ ಚೀಲವನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ನೀವಿ ನೀವಿ ಸುಕ್ಕು ಬಿಡಿಸುತ್ತಾ ಹೇಳಿದರು. ತಾನಾಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಮ್ಮ, ತಾನು, ಅಮ್ಮನ ಸೊಂಟದ ಮೇಲೆ ತಮ್ಮ, ಮೂವರೂ ನೀರು ತರಲು ಹೋಗಿದ್ದರು. ಸದ್ದು ಮೊದಲು ಬಂತು. ಎಲ್ಲರೂ ಓಡಿದರು. ತನಗೆ ಓಡಬೇಕೆಂದು ತೋಚಲಿಲ್ಲ, ಬಾಯಿ ತೆರೆದುಕೊಂಡು ಮೇಲೆ ನೋಡುತ್ತಾ ನಿಂತುಬಿಟ್ಟಿದ್ದರಂತೆ. ವಿಮಾನದ ಹೊಟ್ಟೆಯ ಬಾಗಿಲು ತೆರೆದಿತ್ತು. ಆಮೇಲೆ ಯಾರೋ ತನ್ನನ್ನು ಮಣ್ಣಿನಿಂದ ಎಳೆದು ತೆಗೆದರು. ಅಮ್ಮ ತಮ್ಮನನ್ನು ಎತ್ತಿಕೊಂಡು ಯಾವ ಗೋಡೆಯ ಮರೆಗೆ ಓಡಿದ್ದಳೋ ಆ ಗೋಡೆಯೇ ಇರಲಿಲ್ಲ.

ಸಂತೆಯಲ್ಲಿ ಚಪ್ಪಲಿ ಕಳೆದುಹೋಯಿತು ಎನ್ನುವವರ ದನಿಯಲ್ಲಿ ಹೇಳಿದರು. ದಿಂಬಿನ ಚೀಲದಲ್ಲಿ ಒಂದು ಸುಕ್ಕೂ ಉಳಿದಿರಲಿಲ್ಲ, ಆದರೂ ಕೈ ನೀವುತ್ತಲೇ ಇತ್ತು.

"ಅವಳು ನನಗೆ ಯಾವತ್ತೂ ಹೇಳಲೇ ಇಲ್ಲ" ಎಂದ ಹಲ್ಲಣ್ಣ. ಅವಳು ಎಂದರೆ ಹೆಂಡತಿ.

"ಅವಳಿಗೇನು ಗೊತ್ತಿತ್ತು? ನಾನು ಹೇಳಿದ್ರೆ ತಾನೇ."

ಹಲ್ಲಣ್ಣ ಕುಂಚವನ್ನು ತೊಳೆಯಲು ಎದ್ದ. "ಇದನ್ನು ತೆಗೆದುಬಿಡ್ತೀನಿ ಅತ್ತೆ. ಯಾರಿಗಾದ್ರೂ ಕೊಟ್ಟುಬಿಡ್ತೀನಿ."

"ಯಾಕೆ? ಇಷ್ಟು ದಿನ ಕಣ್ಣು ನೋಯಿಸ್ಕೊಂಡು ಮಾಡಿದ್ದೀರಿ. ಮುಗಿಸಿ."

ಮೇಜಿನ ಅಂಚಿನಲ್ಲಿ ಇನ್ನೂ ಅಂಟಿಸದ ಎರಡು ಪುಟ್ಟ ಬಾಗಿಲುಗಳಿದ್ದವು, ಪಕ್ಕದಲ್ಲಿ ಬಾಂಬುಗಳು. ಕೊತ್ತಂಬರಿ ಕಾಳಿನಷ್ಟು ಚಿಕ್ಕವು. ಬಾಗಿಲನ್ನು ಮುಚ್ಚಿದ ಹಾಗೆಯೂ ಅಂಟಿಸಬಹುದು, ತೆರೆದ ಹಾಗೆಯೂ ಅಂಟಿಸಬಹುದು ಎಂದು ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ಚಿತ್ರ ಸಮೇತ ಇತ್ತು. ಹಲ್ಲಣ್ಣ ಅವನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಮುಚ್ಚಿಯೇ ಅಂಟಿಸ್ತೀನಿ" ಎಂದ.

"ತೆರೆದಿತ್ತು ಅಂತ ಹೇಳಿದ್ನಲ್ಲ" ಎಂದರು ಅತ್ತೆ. ಕೊಂಚ ಬೇಸರದ ದನಿಯಿತ್ತು, ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಮಕ್ಕಳಿಗೆ ಹೇಳುವ ಹಾಗೆ.

ಅವನು ತೆರೆದೇ ಅಂಟಿಸಿದ. ಒಣಗಿದ ಮೇಲೆ ಅತ್ತೆ ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಬಳಿ ಹೋದರು. ತಲೆಯ ಮೇಲೆ ಎತ್ತಿ ಹಿಡಿದು, ಕತ್ತು ಹಿಂದಕ್ಕೆ ಚಾಚಿ ನೋಡಿದರು. ಹಲ್ಲಣ್ಣ ಕೈ ಚಾಚಿ ಪಕ್ಕದಲ್ಲಿ ನಿಂತ. ಬಿದ್ದರೆ ಹಿಡಿಯಬೇಕಾದದ್ದು ವಿಮಾನವನ್ನೋ ಅವರನ್ನೋ ಅವನಿಗೆ ತಿಳಿಯಲಿಲ್ಲ. ಅವರು ಬೀಳಲಿಲ್ಲ. ತೋಳು ಸೋತಾಗ ಇಳಿಸಿದರು.

"ಆವಾಗ ಇಷ್ಟು ಹೊತ್ತು ನೋಡೋಕೆ ಆಗಿರಲಿಲ್ಲ" ಎಂದು ವಾಪಸು ಕೊಟ್ಟರು. ಆಮೇಲೆ ಬಟ್ಟೆ ಮಡಚುವುದನ್ನು ಮುಂದುವರಿಸಿದರು.

ವಸಂತದಲ್ಲಿ ಇಂಥ ಮಾದರಿಗಳನ್ನು ಮಾಡುವವರ ಸಂಘದ ಪ್ರದರ್ಶನ ನಡೆಯಿತು, ಒಂದು ಶಾಲೆಯ ಸಭಾಂಗಣದಲ್ಲಿ. ವಿಮಾನದ ಪೆಟ್ಟಿಗೆ ಮಾರುವ ಅಂಗಡಿಯವನು ಬಲವಂತ ಮಾಡಿ ಹಲ್ಲಣ್ಣನ ಹೆಸರು ಸೇರಿಸಿದ್ದ. "ನಾನೂ ಬರ್ತೀನಿ" ಎಂದರು ಅತ್ತೆ. ಮಗಳನ್ನು ಮಣ್ಣು ಮಾಡಿದ ನಂತರ ಅವರು ಬೀದಿಯ ಕೊನೆಯ ಅಂಗಡಿ ದಾಟಿ ಹೋಗಿರಲಿಲ್ಲ. ಮಗಳ ಕಂದು ಕೋಟನ್ನು ಬೀರುವಿನಿಂದ ತೆಗೆದು ಹಾಕಿಕೊಂಡರು. ತೋಳು ಉದ್ದವಾಗಿತ್ತು, ಮಡಚಿಕೊಂಡರು. ಹಲ್ಲಣ್ಣ ನೋಡಿದ.

ಸಭಾಂಗಣದ ಉದ್ದಕ್ಕೂ ಮೇಜುಗಳು, ಬಿಳಿ ಬಟ್ಟೆ, ಅದರ ಮೇಲೆ ರೆಕ್ಕೆಗೆ ರೆಕ್ಕೆ ತಾಗುವಷ್ಟು ವಿಮಾನಗಳು. ನಡುವಯಸ್ಸಿನ ಗಂಡಸರು ಬಗ್ಗಿ ಬಗ್ಗಿ ನೋಡುತ್ತಾ, ಉಸಿರು ತಾಗೀತೆಂದು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದರು. ಹಲ್ಲಣ್ಣನ ಬಾಂಬರಿನ ಕೆಳಗೆ ಸಂಘದವರು ಒಂದು ಕನ್ನಡಿ ಇಟ್ಟಿದ್ದರು, ಹೊಟ್ಟೆಯ ಕೆಲಸ ಕಾಣಲೆಂದು. ಅಧ್ಯಕ್ಷರು ಕೋಟಿನ ಜೇಬಿಗೆ ಪದಕ ಸಿಕ್ಕಿಸಿಕೊಂಡ ದುಂಡುಮುಖದ ಮನುಷ್ಯ. ನಾಲ್ಕಾರು ಜನರನ್ನು ಕಟ್ಟಿಕೊಂಡು ಅಲ್ಲಿಗೆ ಬಂದರು.

"ಇದರ ಚೆಲುವು ನೋಡಿ. ಬಾಗಿಲು ತೆರೆದಿಟ್ಟಿದ್ದಾರೆ, ಎಂಥಾ ಧೈರ್ಯ! ಒಂದೇ ಸಲಕ್ಕೆ ಅರ್ಧ ಊರು ಚಪ್ಪಟೆ ಮಾಡ್ತಿತ್ತು ಇದು. ಚೆನ್ನಾಗಿದೆ ಅಲ್ವಾ ಅಮ್ಮಾ?" ಎಂದು ಪಕ್ಕದಲ್ಲಿದ್ದ ಅತ್ತೆಯನ್ನು ಕೇಳಿದರು.

"ಹೂಂ, ಚೆನ್ನಾಗಿದೆ" ಎಂದರು ಅತ್ತೆ.

ಆಗ ಹಲ್ಲಣ್ಣನ ಕಿವಿ ಬಿಸಿಯಾಯಿತು. ಆ ಬಿಸಿಯನ್ನು ಅವನು ಮೊದಲಿಗೆ ಗುರುತಿಸಲಿಲ್ಲ, ಸಭಾಂಗಣದ ಸೆಕೆ ಅಂದುಕೊಂಡ. "ಇವರು ಅದರ ಕೆಳಗಿದ್ದವರು" ಎಂದುಬಿಟ್ಟ. ದನಿ ಅಗತ್ಯಕ್ಕಿಂತ ದೊಡ್ಡದಾಗಿತ್ತು. "ಇವರ ತಾಯಿ, ತಮ್ಮ ಇಬ್ಬರೂ ಅಲ್ಲೇ ಹೋದರು."

ಸುತ್ತಲಿದ್ದವರು ಅತ್ತೆಯ ಕಡೆ ತಿರುಗಿದರು. ಅಧ್ಯಕ್ಷರು ಪದಕ ಸರಿಮಾಡಿಕೊಂಡರು. ಯಾರೋ ಕುರ್ಚಿ ತಂದರು. ಅತ್ತೆ ಕೂರಲಿಲ್ಲ. ಮುಖ ಕೆಂಪೇರಿತ್ತು. ಸೀದಾ ಬಾಗಿಲ ಕಡೆ ನಡೆದರು. ಹಲ್ಲಣ್ಣ ವಿಮಾನವನ್ನು ಅಲ್ಲೇ ಬಿಟ್ಟು ಹಿಂದೆ ಓಡಿದ.

ಹೊರಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ಇವನು ನಿಂತೇ ಇದ್ದ.

"ಅದು ನನ್ನದು. ಹೆತ್ತ ಮಗಳಿಗೇ ಹೇಳಿರಲಿಲ್ಲ. ನೀನು ಸಭೆಗೆ ಹೇಳಿಬಿಟ್ಟೆಯಲ್ಲ" ಎಂದರು. ಇಷ್ಟು ವರ್ಷ ನೀವು ಎಂದೇ ಕರೆದಿದ್ದವರು, ಕೋಪದಲ್ಲಿ ನೀನು ಎಂದಿದ್ದರು.

"ತಪ್ಪಾಯ್ತು ಅತ್ತೆ. ಸಿಟ್ಟು ಬಂತು."

"ಬಂತಾ?" ಅತ್ತೆ ತಲೆ ಎತ್ತಿ ನೋಡಿದರು. ವೈದ್ಯರು ರೋಗಿಯನ್ನು ನೋಡುವ ಹಾಗೆ ನೋಡಿದರು. "ಹೋಗಲಿ. ಕೂತ್ಕೋ."

ಕೂತ. ಬಸ್ಸುಗಳು ಬಂದವು, ಹೋದವು.

"ನನಗೆ ಅಳು ಬಂದಿಲ್ಲ ಅತ್ತೆ, ಅವಳು ಹೋದಾಗ" ಎಂದ.

"ಗೊತ್ತು. ನನಗೂ."

"ನಿಮಗೆ ಆವಾಗ? ಚಿಕ್ಕವರಿದ್ದಾಗ?"

"ಬರಲಿಲ್ಲ."

"ಆಮೇಲೆ ಯಾವಾಗಾದ್ರೂ?"

ಅತ್ತೆ ಮಡಚಿದ ತೋಳನ್ನು ಬಿಚ್ಚಿ ಮತ್ತೆ ಮಡಚಿಕೊಂಡರು. "ಬರಲೇ ಇಲ್ಲಪ್ಪ. ಬರುತ್ತೆ ಬರುತ್ತೆ ಅಂತ ಎಲ್ಲರೂ ಹೇಳ್ತಿದ್ರು. ಚಿಕ್ಕಮ್ಮ ನನ್ನನ್ನ ಕಲ್ಲು ಅಂತಿದ್ಲು. ಹಾಗೇ ದೊಡ್ಡವಳಾದೆ, ಮದುವೆ ಆಯ್ತು, ಇವಳು ಹುಟ್ಟಿದಳು. ಇವಳು ಹುಟ್ಟಿದ ಕೂಡಲೇ ಎಷ್ಟು ಅತ್ತಳು ಗೊತ್ತಾ! ಸೂರು ಹಾರಿಹೋಗೋ ಹಾಗೆ. ಸೂಲಗಿತ್ತಿ ಕಿವಿ ಮುಚ್ಚಿಕೊಂಡ್ಲು. ನನಗೆ ಸಮಾಧಾನ ಆಯ್ತು. ಸದ್ಯ, ಇವಳಿಗೆ ಬರುತ್ತಲ್ಲ ಅಂತ."

ಹಲ್ಲಣ್ಣ ಅಳಲು ನೋಡಿದ. ಆಗಲಿಲ್ಲ. ಹೆಂಡತಿ ಸಣ್ಣಪುಟ್ಟದ್ದಕ್ಕೂ ಅಳುತ್ತಿದ್ದುದು ನೆನಪಾಯಿತು. ಹಾಲು ಉಕ್ಕಿ ಚೆಲ್ಲಿದರೆ, ಬೆಕ್ಕು ಮನೆಗೆ ಬಾರದಿದ್ದರೆ. ಅದನ್ನು ಅತ್ತೆಗೆ ಹೇಳಿದ. ಅತ್ತೆ ಇನ್ನೊಂದು ಹೇಳಿದರು. ಒಬ್ಬರಾದ ಮೇಲೊಬ್ಬರು ಅವಳು ಅತ್ತ ಸಂದರ್ಭಗಳನ್ನೇ ಹೇಳಿಕೊಳ್ಳುತ್ತಾ, ಕತ್ತಲಾಗುವ ಮೊದಲು ಮನೆಗೆ ಬಂದರು.

ಬಾಂಬರ್ ಮನೆಗೆ ಬರಲಿಲ್ಲ. ಅದನ್ನು ಸಂಘದ ಕಪಾಟಿನಲ್ಲಿ ಇಡುತ್ತೇವೆಂದು ಅಧ್ಯಕ್ಷರು ಅಂಗಡಿಯವನ ಮೂಲಕ ಮೆಲ್ಲಗೆ ಕೇಳಿಸಿದರು. "ಇಟ್ಕೊಳ್ಳಲಿ" ಎಂದರು ಅತ್ತೆ. ಕೆಲವು ದಿನಗಳಾದ ಮೇಲೆ ಇಬ್ಬರೂ ಅಂಗಡಿಗೆ ಹೋದಾಗ, ಅತ್ತೆ ಸಾಲಾಗಿ ಜೋಡಿಸಿದ್ದ ಪೆಟ್ಟಿಗೆಗಳ ಮುಂದೆ ತರಕಾರಿ ಆರಿಸುವವರ ಹಾಗೆ ನಡೆದಾಡಿ ಒಂದಕ್ಕೆ ಬೆರಳು ಮಾಡಿದರು. ಪೈಲಟ್ಟುಗಳಿಗೆ ಹಾರಾಟ ಕಲಿಸುತ್ತಿದ್ದ, ಎರಡು ಸೀಟಿನ ಪುಟ್ಟ ವಿಮಾನ.

"ಇದು ಮೇಲೆ ಕೆಳಗೆ ಎಲ್ಲ ಹಳದೀನೇ. ಕಲಿಯೋರು ಬರ್ತಿದಾರೆ, ದೂರ ಹೋಗಿ ಅಂತ ಎಲ್ಲರಿಗೂ ಕಾಣಬೇಕಿತ್ತಂತೆ" ಎಂದ ಹಲ್ಲಣ್ಣ.

"ಹಾಗಾದ್ರೆ ಇದೇ ಇರಲಿ" ಎಂದರು ಅತ್ತೆ.

ಈಗ ಭಾನುವಾರಗಳಲ್ಲಿ ಅಂಟು ಒಣಗುವ ತನಕ ರೆಕ್ಕೆ ಒತ್ತಿ ಹಿಡಿಯುವ ಕೆಲಸ ಅತ್ತೆಯದು. ಅವರ ಕೈ ನಡುಗುವುದಿಲ್ಲ. ಹಲ್ಲಣ್ಣ ಬೆರೆಸಿದ ಹಳದಿ ಅವರಿಗೆ ಒಪ್ಪಿಗೆಯಾಗಿಲ್ಲ. ತೀರಾ ಹಲ್ಲಿನ ಹಳದಿ ಆಯ್ತು ಎನ್ನುತ್ತಾರೆ. ಅವನು ಬಟ್ಟಲು ತೊಳೆದು ಬೇರೆ ಬೆರೆಸುತ್ತಾನೆ.