ಬಾಂದದೊಳಗಿನ ಗೂಬೆ

ಲೆಟರ್‌ಬಾಕ್ಸಿಂಗ್ ಅಂದರೆ ಪೋಸ್ಟಿನ ಡಬ್ಬಿಗೂ ಅದಕ್ಕೂ ಸಂಬಂಧ ಇಲ್ಲ ಎಂದು ತಂಗಿಗೆ ತಿಳಿಸಿ ಹೇಳುವುದರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

"ಒಂದು ಡಬ್ಬಿ ಇರ್ತದ. ಒಳಗ ಒಂದು ರಬ್ಬರ್ ಸ್ಟಾಂಪು, ಒಂದು ಸಣ್ಣ ಪುಸ್ತಕ. ಅದನ್ನ ಎಲ್ಲ್ಯಾರ ಅಡಗಿಸಿ ಇಡೋದು, ಹುಡುಕೋರಿಗೆ ಕ್ಲೂ ಬರದು ಕೊಡೋದು. ಸಿಕ್ಕವರು ತಮ್ಮ ಸ್ಟಾಂಪು ಅದರಾಗ ಒತ್ತಬೇಕು, ನಮ್ಮ ಸ್ಟಾಂಪು ತಮ್ಮ ಪುಸ್ತಕದಾಗ ಒತ್ಕೋಬೇಕು. ಮತ್ತ ಡಬ್ಬಿ ಇದ್ದಲ್ಲೇ ಇಟ್ಟು ಹೋಗಬೇಕು."

"ಮತ್ತ ಒಳಗ ಕಿಮ್ಮತ್ತಿಂದು ಏನಿರ್ತದ?"

"ಏನೂ ಇಲ್ಲ."

"ಏನೂ ಇಲ್ಲದ್ದು ಯಾಕ ಅಡಗಸ್ತಿ ಅಕ್ಕಾ?"

ಜೀವನವಿಡೀ ಹುಡುಗಿಯರಿಗೆ ಇಂಗ್ಲಿಷ್ ಕಲಿಸಿದವಳು ನಾನು. ಈ ಪ್ರಶ್ನೆಯನ್ನು ಯಾವ ಹುಡುಗಿಯೂ ಕೇಳಿರಲಿಲ್ಲ. ತಂಗಿ ಸಜ್ಜಕದ ತಾಟು ನನ್ನ ಕಡೆ ಸರಿಸಿ, ನನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದಳು.

ನಾನು ಹೈದರಾಬಾದ್ ಬಿಟ್ಟು ಮಹಾರಾಷ್ಟ್ರದ ಉದಗೀರಕ್ಕೆ ಬಂದದ್ದು ಹೋದ ವರ್ಷ. ಓದಿದ್ದೂ ಕಾನ್ವೆಂಟಿನಲ್ಲಿ, ಕಲಿಸಿದ್ದೂ ಅದೇ ಕಾನ್ವೆಂಟಿನಲ್ಲಿ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಪರೀಕ್ಷೆಯ ಪೇಪರ್ ಕರೆಕ್ಷನ್ ಇರುತ್ತಿತ್ತು. ತಂಗಿಯನ್ನು ಮಾತ್ರ ಇಲ್ಲಿನ ಕಾಳಿನ ವ್ಯಾಪಾರದ ಮನೆಗೆ ಕೊಟ್ಟರು. ಈಗ ಮೊಂಢಾ ಎಂಬ ಕಾಳಿನ ಪೇಟೆಯಲ್ಲಿರುವ ಅಡತ್ ಅಂಗಡಿ ಅವಳ ಮಗ ನೋಡುತ್ತಾನೆ. ನನ್ನ ಮೊಣಕಾಲು ಹೈದರಾಬಾದಿನ ಮೆಟ್ಟಿಲು ಹತ್ತಲಾರೆ ಎಂದಾಗ ತಂಗಿ ಫೋನ್ ಮಾಡಿ, "ನಮ್ಮ ಮನ್ಯಾಗ ನೀ ಹತ್ತೋ ಮೆಟ್ಟಲಾ ಎರಡೇ ಅವ, ಬಾ" ಎಂದಳು. ಬಂದೆ. ಆದರೆ ಓಣಿಯ ಹೆಂಗಸರಿಗೆ ನನ್ನನ್ನು ಯಾವ ಸಾಲಿನಲ್ಲಿ ಕೂಡಿಸಬೇಕೋ ತಿಳಿಯಲಿಲ್ಲ. ಗಂಡ ಇದ್ದವಳಲ್ಲ, ಸತ್ತವಳೂ ಅಲ್ಲ, ಬಿಟ್ಟವಳೂ ಅಲ್ಲ. "ಮತ್ತ ಹಂಗ ಇದ್ರೇನ್ರಿ?" ಎಂದು ಕೇಳಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಈ ಹಾಬಿ ನನಗೆ ಹಚ್ಚಿದವಳು ಇಂಗ್ಲೆಂಡಿನಲ್ಲಿರುವ ನನ್ನ ಕ್ಲಾಸ್‌ಮೇಟ್. ಅವಳು ಹೇಳಿದ ವೆಬ್‌ಸೈಟಿನಲ್ಲಿ ಹುಡುಕಿದೆ. ಉದಗೀರ, ನಿಲಂಗಾ, ಉಮರ್ಗಾ, ಯಾವುದರ ಸುತ್ತಲೂ ಒಂದು ಡಬ್ಬಿಯೂ ಇಲ್ಲ. "ಹಾಗಾದರೆ ನೀನೇ ಮೊದಲನೆಯದು ಇಡು, ಜನ ಬರುತ್ತಾರೆ" ಎಂದು ಅವಳು ಬರೆದಳು. ಇಂಗ್ಲೆಂಡಿನಲ್ಲಿ ಕೂತು ಹಾಗೆ ಬರೆಯುವುದು ಸುಲಭ.

ಮೊದಲು ಊರಿನ ಹಳೆ ಕೋಟೆಗೆ ಹೋದೆ. ಗೋಡೆಯ ಸಂದುಗಳಲ್ಲಿ ಕೈ ಹಾಕಿ ಜಾಗ ನೋಡುತ್ತಿದ್ದಾಗ ಬೆನ್ನ ಹಿಂದೆ ಒಬ್ಬ ಬಂದು ನಿಂತ. "ಆಜೀ, ಕಾಯ್ ಶೋಧ್ತಾ?" ಎಂದು ಮರಾಠಿಯಲ್ಲಿ ಕೇಳಿದ. ಏನೂ ಹುಡುಕುತ್ತಿಲ್ಲ ಎಂದೆ. ಅದು ನಿಜವೇ, ನಾನು ಇಡಲು ಹೋಗಿದ್ದೆ. ಅವನಿಗೆ ನನ್ನ ಕನ್ನಡದ ವಾಸನೆ ಹತ್ತಿತು. "ಗುಪ್ತಧನ ಹುಡುಕಲಿಕ್ಕ ಬಂದವರೆಲ್ಲಾ ಹಿಂಗೇ ಅಂತಾರ್ರಿ," ಎಂದು ನಕ್ಕ. ನಾನು ಗೇಟು ದಾಟುವವರೆಗೂ ಹಿಂದೆಯೇ ಬಂದ. ಕೋಟೆ ಬೇಡ ಎಂದುಕೊಂಡೆ. ನಮ್ಮದೇ ಹೊಲ ಇದೆಯಲ್ಲ, ನಿಲಂಗಾದಿಂದ ಕಾಸಾರಶಿರಸಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ.

"ಹೊಲದಾಗ ಇಡ್ಲೇನ?" ಎಂದು ತಂಗಿಯನ್ನು ಕೇಳಿದೆ.

"ಇಡವಾ. ಆದರ ಈಗ ಅಂಥಾದ್ದೆಲ್ಲಾ ಮಂದಿ ಮುಂದ ಹೇಳಬ್ಯಾಡ. ಹುಡುಗಿ ಮಾತು ನಡದದ."

ಹುಡುಗಿ ಅಂದರೆ ತಂಗಿಯ ಮೊಮ್ಮಗಳು. ಉಮರ್ಗಾದ ಒಂದು ಬಟ್ಟೆ ಅಂಗಡಿಯ ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಹುಡುಗನ ಅಜ್ಜಿ ಬಂದು ಉಡಿ ತುಂಬುವುದೊಂದು ಉಳಿದಿತ್ತು. ಸಂಬಂಧ ತಂದವಳು ತಂಗಿಯ ನೆಗೆಣ್ಣಿ, ಅವಳ ಗಂಡನ ಕಾಕಾನ ಮಗನ ಹೆಂಡತಿ. ಅವಳು ಹೊಲದ ಊರಿನಲ್ಲೇ ಇರುತ್ತಾಳೆ. ಅವಳ ಹೊಲ ನಮ್ಮ ಹೊಲಕ್ಕೆ ಹತ್ತಿಯೇ ಇದೆ, ನಡುವೆ ಗಡಿಯ ಬದು, ಕಲ್ಲಿನ ಬಾಂದ. ಆ ಬಾಂದ ಯಾರ ಕಡೆ ಎಷ್ಟು ಸರಿದಿದೆ ಎಂಬ ತಕರಾರು ನಾನು ಬರುವ ಮೊದಲಿನದು.

ಮನೆಯಲ್ಲಿ ಕೂತು ದೊಡ್ಡ ಎರೇಸರಿನ ಮೇಲೆ ಬ್ಲೇಡಿನಿಂದ ಗೂಬೆ ಕೊರೆದೆ. ನಮ್ಮ ಕಾನ್ವೆಂಟಿನ ಲೈಬ್ರರಿ ಬಾಗಿಲ ಮೇಲೆ ಕಟ್ಟಿಗೆಯ ಗೂಬೆ ಒಂದಿತ್ತು. ಮಾತಾಡಿದವರಿಗೆ ಸಿಸ್ಟರ್ ಅದನ್ನೇ ತೋರಿಸುತ್ತಿದ್ದರು, ಅದರಂತೆ ಸುಮ್ಮನಿದ್ದು ಎಲ್ಲ ನೋಡಬೇಕು ಎಂದು. ಆ ಬಾಗಿಲು, ಆ ಮೇಣದ ಪಾಲಿಶಿನ ವಾಸನೆ ಈಗ ಎಲ್ಲಿ ಸಿಗಬೇಕು? ನನ್ನ ಮಟ್ಟಿಗೆ ಗೂಬೆ ಅಂದರೆ ಅದೇ. ಮೊಮ್ಮಗಳು ನೋಡಿ, "ಕಣ್ಣು ಮಸ್ತ್ ಆಗ್ಯಾವ ದೊಡ್ಡಾಯಿ" ಎಂದಳು. ಅಂಗಡಿಯ ಇಂಕ್ ಪ್ಯಾಡ್ ಕೆಂಪಿನದು, ಅದನ್ನೇ ಇಟ್ಟೆ. ಡಬ್ಬಿಗೆ ನೀರು ಹೋಗಬಾರದೆಂದು ಕರಿ ಪ್ಲಾಸ್ಟಿಕ್ಕು ಸುತ್ತಿ, ಮೇಲೆ ಹಳೆ ಬ್ಲೌಸಿನ ಕೆಂಪು ಬಟ್ಟೆ ಕಟ್ಟಿದೆ. ಈಗ ಬರೆಯುವಾಗ ನನಗೇ ಮೈ ಝುಂ ಎನ್ನುತ್ತದೆ. ಆಗ ನನ್ನ ಲಕ್ಷ್ಯವೆಲ್ಲ ವಾಟರ್‌ಪ್ರೂಫಿಂಗ್ ಮೇಲಿತ್ತು.

ಇಟ್ಟದ್ದು ವೇಳ ಅಮಾವಾಸ್ಯೆಯ ದಿನ. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ಕಣಕಿಯ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲಿಟ್ಟು ಪೂಜೆ ಮಾಡಿ, ಬಂದವರಿಗೆಲ್ಲ ಅಂಬಿಲ, ಭಜ್ಜಿ, ಸಜ್ಜಿ ರೊಟ್ಟಿ ಬಡಿಸುತ್ತಾರೆ. ಉಂಡು ಎಲ್ಲರೂ ಗಿಡದ ನೆರಳಿಗೆ ಅಡ್ಡಾದಾಗ ನಾನು ಎದ್ದು ಬಾಂದದ ಕಡೆ ಹೋದೆ. ಕಲ್ಲುಗಳ ನಡುವೆ ಮೊಳಕೈ ಹೋಗುವಷ್ಟು ಒಳ್ಳೆಯ ಸಂದು ಸಿಕ್ಕಿತು. ಡಬ್ಬಿ ಇಟ್ಟು, ಚಪ್ಪಟೆ ಕಲ್ಲು ಮುಚ್ಚಿ ತಿರುಗಿದೆ. ಆಚೆ ತೊಗರಿಯ ಸಾಲಿನಲ್ಲಿ ನೆಗೆಣ್ಣಿ ನಿಂತಿದ್ದಳು. ತಲೆಯ ಮೇಲೆ ಬುಟ್ಟಿ.

"ಏನ್ರಿ ಮೇಡಮ್‌ಬಾಯಿ, ಊಟ ಆತೇನು?"

"ಆತವಾ."

ಅವಳು ಅಷ್ಟೇ ಕೇಳಿದಳು, ನಾನು ಅಷ್ಟೇ ಹೇಳಿದೆ.

ಸಂಕ್ರಾಂತಿ ಮುಗಿದ ಮೇಲೆ ತಂಗಿಗೆ ನೆಗೆಣ್ಣಿಯ ಫೋನ್ ಬಂತು. ಅವಳ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತ್ತು. ಯಾರೋ, ಹೊಲದ ಮೂಲೆ ನೋಡಿರಿ ಎಂದಿದ್ದರು. ನೋಡಿದಾಗ ಕೆಂಪು ಬಟ್ಟೆ ಕಂಡಿತ್ತು. ಕೋಲಿನಿಂದ ಎಳೆದು ಬಿಚ್ಚಿದಾಗ ಗೂಬೆ. ತಂಗಿ ಫೋನಿನ ಸ್ಪೀಕರ್ ಹಾಕಿದ್ದಳು.

"ಭಾನಾಮತಿ ಮಾಡಿಟ್ಟಾರ ಅಕ್ಕಾ, ಅಮಾಸಿ ದಿನಾ. ಯಾರು ಅಂತ ನಾ ಅನ್ನಂಗಿಲ್ಲ. ನನ್ನ ಕಣ್ಣೀಲೆ ನೋಡೀನಿ. ಉಮರ್ಗಾದವರಿಗೆ ನಾನೇ ನಡುವಿನಾಕಿ. ನಾಳೆ ಅವರು ನನ್ನ ಮಾರಿಗೆ ಉಗುಳಬಾರದು. ನೀ ಬಂದು ನೋಡು. ಇಲ್ಲಾಂದ್ರ ನಾ ಹೇಳಿಬಿಡ್ತೀನಿ."

ತಂಗಿ ಫೋನ್ ಇಟ್ಟಳು. "ಅಕ್ಕಾ, ನನ್ನ ಮುಂದ ಖರೆ ಹೇಳು. ಆ ಡಬ್ಬ್ಯಾಗ ಬ್ಯಾರೆ ಏನರ ಇತ್ತೇನು?"

ಅವಳ ಬಾಣಂತನಕ್ಕೆ ರಜೆ ಹಾಕಿ ಬಂದಿದ್ದೆ. ನನ್ನ ಲಂಗ ಉಟ್ಟು ಬೆಳೆದವಳು. ಅವಳು ಹೀಗೆ ಕೇಳಿದಳು.

"ಇಲ್ಲ," ಎಂದೆ.

"ಹೂಂ," ಎಂದಳು. ನಂಬಿದ ಹೂಂ ಅಲ್ಲ ಅದು.

ಮರುದಿನ ಬೆಳಗ್ಗೆ ಮೂವರೂ ಬಸ್ಸು ಹತ್ತಿದೆವು. ಮೊಮ್ಮಗಳು ಬೇಡವೆಂದರೂ ಬಂದಳು. ದಾರಿಯುದ್ದಕ್ಕೂ ನನಗೆ ನೆಗೆಣ್ಣಿಯ ಮೇಲೆ ಸಂಶಯ. ಇವಳಿಗೆ ಬೇಕಾದದ್ದು ಬಾಂದದ ಜಾಗ. ಸಂಬಂಧ ಮುರಿಯುತ್ತೇನೆಂದು ಹೆದರಿಸಿ ಬಾಂದ ಸರಿಸಿಕೊಳ್ಳುವ ಆಟ ಇದು. ಎಮ್ಮೆ ಹಾಲು ನಿಲ್ಲಿಸಿದ್ದಾದರೂ ಖರೆಯೋ ಸುಳ್ಳೋ ಯಾರು ಬಲ್ಲರು?

ಬಾಂದದ ಪಕ್ಕದಲ್ಲಿ ಡಬ್ಬಿಯ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹಳೆ ಚಪ್ಪಲಿ, ಕಸಬರಿಗೆ ಇಟ್ಟಿದ್ದರು. ನೋಡಲು ನಾಲ್ಕಾರು ಹೆಂಗಸರು ಸೇರಿದ್ದರು. ನಾನು ನನ್ನ ಕ್ಲಾಸ್‌ರೂಮ್ ದನಿಯಲ್ಲಿ ಹೇಳತೊಡಗಿದೆ. ಇದು ಹಾಬಿ, ಹೊರದೇಶದಲ್ಲಿ ಎಷ್ಟೋ ಜನ ಮಾಡುತ್ತಾರೆ, ಗೂಬೆ ಜ್ಞಾನದ ಗುರುತು. ಕೇಳುತ್ತ ಕೇಳುತ್ತ ಹೆಂಗಸರು ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಅಗಬಾಯ್! ಜ್ಞಾನಕ್ಕ ಗೂಬಿ ಬೇಕಾತಾ?" ಎಂದಳೊಬ್ಬಳು.

ನೆಗೆಣ್ಣಿ ನಗಲಿಲ್ಲ. "ಮೇಡಮ್‌ಬಾಯಿ, ಈ ಕಲ್ಲು ಯಾವು ಅಂತ ಗೊತ್ತದ ಏನ್ರಿ ನಿಮಗ?"

"ಬಾಂದದ ಕಲ್ಲು."

"ತೊಂಬತ್ತಮೂರರ ಭೂಕಂಪದಾಗ ಬಿದ್ದ ನಮ್ಮ ಮನಿ ಗ್ವಾಡಿ ಕಲ್ಲು ಇವು. ನಮ್ಮ ಅತ್ತಿ ಇವುಗಳ ಕೆಳಗ ಹೋದ್ರು. ಹೊಸ ಮನಿಗೆ ಈ ಕಲ್ಲು ಬ್ಯಾಡ ಅಂತ ತಂದು ಇಲ್ಲಿ ಸುರುವಿದ್ವಿ. ಅವತ್ತಿಂದ ಇದರಾಗ ನಮ್ಮವರು ಯಾರೂ ಕೈ ಹಾಕಿಲ್ಲ. ನೀವು ಅಮಾಸಿ ದಿನಾ ಕೈ ಹಾಕೀರಿ. ನಾ ಏನಂತ ತಿಳೀಲಿ, ಹೇಳ್ರಿ?"

ನಾನು ತಂಗಿಯ ಕಡೆ ನೋಡಿದೆ. ಈ ಕಲ್ಲಿನ ಸಂಗತಿ ಅವಳಿಗೆ ಗೊತ್ತಿತ್ತು. ಹೊಲದಲ್ಲಿ ಇಡು ಎಂದವಳಿಗೆ ನಾನು ಬಾಂದದಲ್ಲಿ ಇಡುತ್ತೇನೆಂದು ಮಾತ್ರ ಗೊತ್ತಿರಲಿಲ್ಲ.

"ನನಗ ತಿಳೀಲಿಲ್ಲವಾ. ತಪ್ಪಾತು," ಎಂದೆ. ಅದನ್ನು ಕ್ಲಾಸ್‌ರೂಮ್ ದನಿಯಲ್ಲಿ ಹೇಳಲಾಗಲಿಲ್ಲ.

ನೆಗೆಣ್ಣಿ ಚಪ್ಪಲಿ ಸರಿಸಿ, ಕೋಲಿನಿಂದ ಬುಟ್ಟಿ ಎತ್ತಿದಳು. "ಆಟದ ಸಾಮಾನು ಅಂತೀರಲ್ಲ. ಹಂಗಾದ್ರ ನಿಮ್ಮ ಮೊಮ್ಮಗಳ ಅಂಗೈ ಮ್ಯಾಲ ಒತ್ತರಿ. ಅಂಜದೆ ಒತ್ತಿದ್ರ ನಾ ಉಮರ್ಗಾಕ್ಕ ಏನೂ ಹೇಳಂಗಿಲ್ಲ."

ಸ್ಟಾಂಪು ಕೈಗೆ ತೆಗೆದುಕೊಂಡೆ, ಪ್ಯಾಡಿಗೆ ಒತ್ತಿದೆ. ಮುಂದೆ ಕೈ ಏಳಲಿಲ್ಲ. ನಾಳೆ ಈ ಹುಡುಗಿಗೆ ಒಂದು ನೆಗಡಿ ಬಂದರೂ, ಅಡುಗೆ ಕೆಟ್ಟರೂ, ಮಗು ತಡವಾದರೂ ಈ ಗೂಬೆಯ ತಲೆಗೇ ಕಟ್ಟುತ್ತಾರೆ. ಹಾಗೆಂದುಕೊಂಡೆ. ಅದರ ಕೆಳಗೆ ಇನ್ನೂ ಏನೋ ಇತ್ತು. ಒಂದು ಗಳಿಗೆ ನನಗೂ ಆ ಕೆಂಪು ಕಣ್ಣು ನೋಡಲಾಗಲಿಲ್ಲ. ನಾನು ನಿಂತದ್ದನ್ನು ಎಲ್ಲರೂ ನೋಡಿದರು.

"ನೋಡ್ರಿ, ಒತ್ತವಲ್ಲರು," ಎಂದಿತು ಹಿಂದಿನಿಂದ ಒಂದು ದನಿ.

ಮೊಮ್ಮಗಳು ಬಂದು ನನ್ನ ಮಣಿಕಟ್ಟು ಹಿಡಿದಳು. ಸ್ಟಾಂಪಿನ ಸಮೇತ ನನ್ನ ಕೈಯನ್ನು ತನ್ನ ಅಂಗೈಗೆ ಗಟ್ಟಿಯಾಗಿ ಒತ್ತಿಕೊಂಡಳು. "ದೊಡ್ಡಾಯಿ, ಒಂದು ಕಣ್ಣು ಸರಿ ಮೂಡಿಲ್ಲ ನೋಡು," ಎಂದು ಇನ್ನೊಮ್ಮೆ ಒತ್ತಿಕೊಂಡಳು. ಆಮೇಲೆ ನೆಗೆಣ್ಣಿಯ ಮುಂದೆ ಅಂಗೈ ಹಿಡಿದಳು. "ಸಣ್ಣಾಯಿ, ನೋಡು. ನಿನ್ನ ಎಮ್ಮಿಗೆ ಡಾಕ್ಟರನ್ನ ಕರೀ."

ನೆಗೆಣ್ಣಿ ಬಗ್ಗಿ ಆ ಅಂಗೈ ನೋಡಿದಳು. "ಬಾಯಿ ಭಾಳ ಅದ ನಿಂದು," ಎಂದಳು. ಡಬ್ಬಿಯನ್ನು ತಂಗಿ ಸೆರಗಿನಲ್ಲಿ ಸುತ್ತಿಕೊಂಡಳು.

ಮನೆಗೆ ಬಂದ ಮೇಲೆ ತಂಗಿ ಮೊಮ್ಮಗಳನ್ನು ಬಚ್ಚಲಿಗೆ ಕರೆದೊಯ್ದು, ಅಂಗೈಗೆ ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುವುದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಒಳಗೆ ಹೋಗಲಿಲ್ಲ. ಆ ರಾತ್ರಿ ನನ್ನ ಸೂಟ್‌ಕೇಸ್ ಎಲ್ಲಿದೆ ಎಂದು ನೆನೆಸಿಕೊಳ್ಳುತ್ತ ಮಲಗಿದೆ.

ನೆಗೆಣ್ಣಿ ಹೇಳಲಿಲ್ಲವಂತೆ. ಆದರೂ ಉಮರ್ಗಾಕ್ಕೆ ಸುದ್ದಿ ಮುಟ್ಟಿತ್ತು. ಆ ಹೆಂಗಸರಿಗೂ ಫೋನು ಇವೆಯಲ್ಲ. ಎರಡು ದಿನ ಬಿಟ್ಟು ಉಡಿ ತುಂಬಲು ಹುಡುಗನ ಅಜ್ಜಿ ಬಂದವರೇ ಚಹಾ ಮುಟ್ಟದೆ ನನ್ನನ್ನು ಕರೆಸಿದರು. ನನಗಿಂತ ಸಣ್ಣ ವಯಸ್ಸಿರಬೇಕು, ಕಣ್ಣು ಮಾತ್ರ ತಕ್ಕಡಿಯಂಥವು.

"ಗೂಬಿ ಇಟ್ಟವರು ನೀವೇ ಏನ್ರಿ?"

"ಹೌದ್ರಿ."

"ಯಾಕ?"

"ಯಾರಾದ್ರೂ ಹುಡುಕಿ ಬರಲಿ ಅಂತ."

ತಂಗಿ ನೆಲ ನೋಡುತ್ತ ಕುಳಿತಿದ್ದಳು. ಅಜ್ಜಿ ಮೊಮ್ಮಗಳ ಕೈ ಎಳೆದು ಅಂಗೈ ತಿರುಗಿಸಿದರು. ಅಷ್ಟು ತಿಕ್ಕಿದರೂ ಗೆರೆಗಳಲ್ಲಿ ಕೆಂಪು ಉಳಿದಿತ್ತು.

"ನಿಮ್ಮ ಮಾತು ನಾ ಪೂರಾ ನಂಬೀನಿ ಅಂತ ತಿಳಕೋಬ್ಯಾಡ್ರಿ," ಎಂದರು. "ಆದರ ಈ ಹುಡುಗಿ ಅಂಜಲಿಲ್ಲ. ನಮ್ಮ ಮನ್ಯಾಗ ಅಂಜಬುರಕರು ಬೇಕಾದಷ್ಟು ಮಂದಿ ಅದಾರ, ಒಬ್ಬಾಕಿ ಅಂಜಲಾರದಾಕಿ ಬೇಕು. ಉಡಿ ತುಂಬತೀನಿ. ಆ ಡಬ್ಬಿ ಮಾತ್ರ ಹೊಲದಾಗ ಬ್ಯಾಡ. ಹಂಗಂತ ನಮ್ಮ ಉಮರ್ಗಾಕ್ಕೂ ತರಬ್ಯಾಡ್ರಿ ಮತ್ತ!"

ಎಲ್ಲರೂ ನಕ್ಕರು. ನೆಗೆಣ್ಣಿ ಕೊನೆಗೆ ನಕ್ಕಳು, ನನ್ನ ಕಡೆ ನೋಡದೆ. ಅವಳ ಎಮ್ಮೆ ಈಗ ಹಾಲು ಕೊಡುತ್ತಿದೆಯೋ ಇಲ್ಲವೋ ನಾನು ಇವತ್ತಿನವರೆಗೂ ಕೇಳಿಲ್ಲ. ಬಾಂದವನ್ನು ಅಳತೆ ಮಾಡಿಸಬೇಕು ಎಂಬ ಮಾತು ಮತ್ತೆ ಎದ್ದಿದೆ ಎಂದು ಕೇಳಿದೆ. ಸಂಶಯ ಪೂರ್ತಿ ಹೋಗುವುದಿಲ್ಲ, ನೋಡಿ.

ಅವರೆಲ್ಲ ಹೋದ ಮೇಲೆ ಡಬ್ಬಿ ಬೇಕಾಯಿತು. ತಂಗಿ ಅದನ್ನು ಎಲ್ಲಿ ಎಸೆದಳೋ ಎಂದುಕೊಂಡು ಕೇಳಲು ಹೋದೆ. ಅವಳು ದೇವರ ಜಗುಲಿಯ ಮುಂದೆ ಕುಳಿತಿದ್ದಳು, ಡಬ್ಬಿ ಅವಳ ತೊಡೆಯ ಮೇಲೆ. ಮುಚ್ಚಳದ ಮೇಲೆ ಮೂರು ಬೆರಳಿನಿಂದ ನೀರಲ್ಲಿ ಕಲಸಿದ ವಿಭೂತಿ ಎಳೆದಿದ್ದಳು. ಅದು ಗೂಬೆಯನ್ನು ಒಳಗೇ ಕಟ್ಟಿಹಾಕಲೋ, ನನ್ನನ್ನು ಕಾಯಲೋ, ಅವಳಿಗೇ ಗೊತ್ತು.

"ಬ್ಯಾರೆ ಮಂದಿ ಹೊಲ ಬ್ಯಾಡ," ಎಂದಳು. "ನಮ್ಮ ಮಾಳಿಗಿ ಮೆಟ್ಟಲದ ಕೆಳಗ ಒಂದು ಗೂಡು ಅದ. ನೀ ಅಲ್ಲೇ ಇಡು. ಹುಡುಕಿಕೊಂಡು ಬಂದವರಿಗೆ ಚಹಾ ನಾ ಕೊಡ್ತೀನಿ."

ನಾನು ಡಬ್ಬಿಗೆ ಕೈ ಚಾಚಿದೆ.

"ಮ್ಯಾಲ ಮುಟ್ಟಬ್ಯಾಡ ಅಕ್ಕಾ, ಕೆಳಗ ಹಿಡಿ. ಇನ್ನಾ ಹಸಿ ಅದ."