ಕೈಗುಣದ ಪರೀಕ್ಷೆ

ನನ್ನ ಕೈಗುಣ ಒಳ್ಳೆಯದು ಎಂದು ಕ್ಯಾಸಂಬಳ್ಳಿಯ ಆಚೆಗಿನ ಒಂದು ಹಳ್ಳಿಯಲ್ಲಿ ತೀರ್ಮಾನವಾದಾಗ ನಾನು ಅಲ್ಲಿರಲಿಲ್ಲ. ಅಲ್ಲಿನ ಅಜ್ಜಿಯೊಬ್ಬರಿಗೆ ನಾನು ಕೊಟ್ಟ ಚುಚ್ಚುಮದ್ದು ಒಂದಿಷ್ಟೂ ನೋಯಲಿಲ್ಲವಂತೆ. ನೋಯದಿದ್ದುದಕ್ಕೆ ಕಾರಣ, ಆ ಹೊತ್ತಿನಲ್ಲಿ ಅವರು ಪಕ್ಕದ ಮನೆಯವರನ್ನು ಬೈಯುವುದರಲ್ಲಿ ಮುಳುಗಿದ್ದುದು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಹೋದಾಗ ಒಬ್ಬರು ಕುಂಬಳದ ಬೀಜ ತಂದು, ಸುಮ್ಮನೆ ಮುಟ್ಟಿ ಕೊಡಿ ಎಂದರು. ಇನ್ನೊಬ್ಬರು ತೋಟಕ್ಕೆ ಕರೆದುಕೊಂಡು ಹೋಗಿ ಹೊಸ ಮೋಟರಿನ ಸ್ವಿಚ್ಚನ್ನು ನನ್ನಿಂದಲೇ ಒತ್ತಿಸಿದರು. ಬಿಪಿ ನೋಡಲು ಬಂದವಳು ನಾನು.

ನರ್ಸಿಂಗ್ ಪದವಿ ಮುಗಿಸಿ ಆ ಕಡೆಯ ಒಂದು ಉಪಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದೆ. ಸಮುದಾಯ ಆರೋಗ್ಯ ಅಧಿಕಾರಿ ಎಂಬುದು ಹುದ್ದೆಯ ಹೆಸರು. ಊರವರ ಬಾಯಲ್ಲಿ ನರ್ಸಮ್ಮ. ಮನೆ ಇರುವುದು ಕೆಜಿಎಫ್‌ನಲ್ಲಿ, ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ದಾವಣಗೆರೆ ಕಡೆಯಿಂದ ಕೆಲಸಕ್ಕೆಂದು ಬಂದ ಅಪ್ಪ ಇಲ್ಲಿಯೇ ನೆಲೆ ನಿಂತರು. ಆ ಮನೆಯಲ್ಲಿ ನನ್ನ ಕೈಗುಣದ ಬಗ್ಗೆ ಬೇರೆಯದೇ ಅಭಿಪ್ರಾಯವಿದೆ. ಉಪ್ಪಿನಕಾಯಿಯ ಜಾಡಿಯನ್ನು ಅಮ್ಮ ನನಗೆ ಮುಟ್ಟಲು ಬಿಡುವುದಿಲ್ಲ. ಮುಟ್ಟಿದ ವರ್ಷ ಬೂಸಲು ಬಂದಿತ್ತು. ಈ ಸಂಗತಿಯನ್ನು ನಾನು ಹಳ್ಳಿಯಲ್ಲಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅದೇ ಅಜ್ಜಿಗೆ ಬಲಗಾಲಿನ ಹೆಬ್ಬೆರಳ ಅಡಿಯಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಕಾಲು. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಹುಣ್ಣು ಹಳ್ಳವಾಗಿತ್ತು. ಬಂಗಾರಪೇಟೆಯ ಆಸ್ಪತ್ರೆಯ ಡಾಕ್ಟರು ನೋಡಿ ಮಾತ್ರೆ ಬರೆದುಕೊಟ್ಟರು. ದಿನವೂ ಗಾಯ ತೊಳೆದು ಪಟ್ಟಿ ಬದಲಿಸಬೇಕು, ಆ ಕಾಲ ಮೇಲೆ ಭಾರ ಹಾಕಬಾರದು ಎಂದರು. ಮೂಳೆಯವರೆಗೆ ಇಳಿದರೆ ಬೆರಳು ತೆಗೆಯಬೇಕಾಗುತ್ತದೆ ಎಂದೂ ಹೇಳಿದರು. ನನ್ನ ಪಾಲಿಗೆ ಹಲವು ಹಳ್ಳಿಗಳಿವೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಆ ಮನೆಗೆ ಹೋಗಲಾಗುತ್ತಿರಲಿಲ್ಲ. ಉಳಿದ ದಿನಗಳ ಕೆಲಸವನ್ನು ಮನೆಯವರು ಯಾರಾದರೂ ಕಲಿಯಬೇಕು. ಮಗ ಬೆಳಗಿನ ರೈಲು ಹಿಡಿದು ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುವವನು. ಮನೆಯಲ್ಲಿ ಉಳಿಯುವುದು ಅಜ್ಜಿ, ಸೊಸೆ ಮತ್ತು ಒಂದು ಸೀಮೆಹಸು.

ಅಜ್ಜಿ ಒಪ್ಪಲಿಲ್ಲ.

"ನೀನು ಬಂದಾಗ್ಲೇ ಬಿಚ್ಚೋದು ಕಣಮ್ಮ. ಬ್ಯಾರೇರು ಕೈ ಇಟ್ರೆ ಇರೋ ಬೆರಳೂ ಓಗ್ತದೆ" ಎಂದರು.

"ನಿಮ್ಮ ಸೊಸೆ ಮನೆಯಲ್ಲೇ ಇರ್ತಾರಲ್ಲ ಅಜ್ಜಿ. ಅವರಿಗೆ ನಾನು ಕಲಿಸಿಕೊಡ್ತೀನಿ."

"ಅವಳಾ?" ಅಜ್ಜಿ ದನಿ ತಗ್ಗಿಸಿದರು, ಆದರೂ ಬೀದಿಗೆ ಕೇಳಿಸುವಷ್ಟಿತ್ತು. "ಅವಳು ಎಪ್ಪು ಆಕಿದ್ರೆ ಆಲು ಮೊಸರಾಗಲ್ಲ. ಮೆಣಸಿನ ಸಸಿ ನೆಟ್ಲು, ಎಲೆಯೆಲ್ಲಾ ಮುಟುರ್ಕೊಂಡು ಓಯ್ತು. ಆ ಕೈಗೆ ನನ್ ಕಾಲು ಕೊಡ್ಲಾ?"

ಒಳಗಿನಿಂದ ಸೊಸೆಯ ದನಿ ಬಂತು. "ಆ ವರ್ಷ ಊರಿಗೂರೇ ಮುಟುರು ರೋಗ ಬಂದಿತ್ತು ಕಣತ್ತೆ. ಊರೆಲ್ಲಾ ನಾನೇ ನೆಟ್ಟಿದ್ನಾ?"

"ನೋಡ್ದಾ ನರ್ಸಮ್ಮ? ಬಾಯಿಗೇನೂ ಕಮ್ಮಿ ಇಲ್ಲ."

ಬೂದಿಕೋಟೆ ಕಡೆಯ ಈ ಸೊಸೆಗೆ ನನ್ನದೇ ವಯಸ್ಸು. ಅತ್ತೆಯ ಮಾತಿಗೆ ಅವಳು ಅಳುವುದನ್ನೂ ನೋಡಲಿಲ್ಲ, ಸುಮ್ಮನಿರುವುದನ್ನೂ ನೋಡಲಿಲ್ಲ. ಆದರೆ ಒಂದು ದಿನ ನಾನು ಹೊರಡುವಾಗ ಸ್ಕೂಟರ್ ತನಕ ಬಂದು, ತಗ್ಗಿದ ದನಿಯಲ್ಲಿ ಕೇಳಿದಳು. "ಬೆರಳು ಓದ್ರೆ, ಇವಳ ಕಾಲ್ಗುಣ ಅಂತ ಅದೂ ನನ್ ತಲೆಗೇ ಕಟ್ತಾರಲ್ವಾ ಮೇಡಂ?" ಉತ್ತರ ಇಬ್ಬರಿಗೂ ಗೊತ್ತಿತ್ತು.

ಅದರ ಮುಂದಿನ ಭೇಟಿಗೆ ಹೋದಾಗ ಪಟ್ಟಿ ನಾನು ಕಟ್ಟಿಹೋದ ಹಾಗೆಯೇ ಇತ್ತು, ಹೊರಗಡೆ ಮಣ್ಣು ಮೆತ್ತಿಕೊಂಡು. ಅಜ್ಜಿ ಅದೇ ಕಾಲಿನಲ್ಲಿ ಹೊಲಕ್ಕೆ ಹೋಗಿ ಹುಲ್ಲು ಕೊಯ್ದು ತಂದಿದ್ದರು. ಬಿಚ್ಚಿದಾಗ ವಾಸನೆ ಬಂತು. ಜೊತೆಗಿದ್ದ ಆಶಾ ಕಾರ್ಯಕರ್ತೆ ಸೆರಗನ್ನು ಮೂಗಿಗೆ ಹಿಡಿದಳು. ಅದೇ ಊರಿನವಳಾದ್ದರಿಂದ ಅವಳಿಗೆ ಅಜ್ಜಿಯ ಹೆದರಿಕೆಯೂ ಇಲ್ಲ, ಮುಲಾಜೂ ಇಲ್ಲ.

"ಅಜ್ಜಮ್ಮ, ಬೆರಳು ಕುಯ್ಸಾಕೆ ಆಸೆಯಾ ನಿಂಗೆ?"

"ಕುಯ್ದ್ರೆ ಕುಯ್ಲಿ. ಕೈಗುಣ ಇಲ್ದೋರ ಕೈಗೆ ಕಾಲು ಕೊಡಲ್ಲ."

ಕಾಲೇಜಿನಲ್ಲಿ ನಮಗೆ ರೋಗಿಯ ನಂಬಿಕೆಗಳನ್ನು ಗೌರವಿಸಬೇಕೆಂದು ಕಲಿಸಿದ್ದರು. ಆ ನಂಬಿಕೆ ರೋಗಿಯ ಬೆರಳನ್ನು ತಿನ್ನುತ್ತಿರುವಾಗ ಎಷ್ಟು ಗೌರವಿಸಬೇಕೆಂದು ಹೇಳಿರಲಿಲ್ಲ. ಮುಂದೆ ಕೆಲವೇ ದಿನಗಳಲ್ಲಿ ನನಗೆ ಬೆಂಗಳೂರಿನಲ್ಲಿ ಒಂದು ವಾರದ ತರಬೇತಿ ಇತ್ತು. ಅಷ್ಟರೊಳಗೆ ಅಜ್ಜಿಯ ಕಾಲನ್ನು ಯಾರದ್ದಾದರೂ ಕೈಗೆ ಒಪ್ಪಿಸಬೇಕಿತ್ತು.

ದಾರಿ ತೋರಿಸಿದ್ದು ಅಜ್ಜಿಯೇ. ಹಸುವಿನ ಹಿಂಗಾಲಿನ ಗೊರಸಿನ ಮೇಲೆ ತಗಡು ತಾಗಿ ಗಾಯವಾಗಿತ್ತು. ಕೊಟ್ಟಿಗೆಯಿಂದ ಅದು ಕುಂಟುತ್ತಾ ಹೊರಗೆ ಬಂದುದನ್ನು ಕಂಡು ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನ್ಯಾಯ ಹೇಳುವವರ ಹಾಗೆ ಕುರ್ಚಿಯಲ್ಲಿ ನೇರ ಕೂತರು.

"ಒಂದು ಕೆಲ್ಸ ಮಾಡು. ಅವಳಿಗೆ ಕಲಿಸ್ತೀನಿ ಅಂದ್ಯಲ್ಲ, ಕಲಿಸು. ಮೊದ್ಲು ಅಸುಗೆ ಕಟ್ಲಿ. ಅಸುಗೆ ವಾಸಿಯಾದ್ರೆ ಆಮ್ಯಾಕೆ ನನ್ ಕಾಲು ಮುಟ್ಲಿ."

"ಅಜ್ಜಿ, ಹಸು ಬೇರೆ, ನೀವು ಬೇರೆ."

"ಔದು. ಅಸು ಆಲು ಕೊಡ್ತದೆ. ಅದಕ್ಕೇ ಉಷಾರಾಗಿ ಕಟ್ಲಿ."

ನಾನು ಒಪ್ಪಿದೆ, ಷರತ್ತುಗಳ ಮೇಲೆ. ಪಶುವೈದ್ಯರು ಹ್ಞೂಂ ಅನ್ನಬೇಕು. ಉಪಕೇಂದ್ರದ ಪಟ್ಟಿಬಟ್ಟೆಯ ಒಂದು ಚೂರೂ ಹಸುವಿಗೆ ಹೋಗಬಾರದು. ಹಸುವನ್ನು ಮುಟ್ಟಿದ ಕೈಯನ್ನು ಮೊಣಕೈವರೆಗೆ ಸೋಪಿನಿಂದ ತೊಳೆಯಬೇಕು. ಕೊನೆಯ ಷರತ್ತನ್ನು ತುಂಬ ಗಂಭೀರವಾಗಿ ಹೇಳಿದೆ: ಪರೀಕ್ಷೆ ಮಾಡುವವರು ಜಾಗ ಬಿಟ್ಟು ಏಳುವ ಹಾಗಿಲ್ಲ. ಕುರ್ಚಿಯಲ್ಲಿ ಕೂತು, ಕಾಲನ್ನು ಎತ್ತರದಲ್ಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಹಸುವಿನ ಮೇಲೆ ಕಣ್ಣಿಟ್ಟಿರಬೇಕು.

"ಕಾಲು ಯಾಕೆ ಎತ್ತರದಾಗೆ?"

"ಪದ್ಧತಿ" ಎಂದೆ. ನಾನು ವೃತ್ತಿಯಲ್ಲಿ ಅಷ್ಟು ಅಸ್ಪಷ್ಟವಾಗಿ ಮಾತಾಡಿದ್ದು ಅದೊಂದೇ ಸಲ.

ಅಜ್ಜಿ ತಲೆಯಾಡಿಸಿದರು. ಕಾಲಿಗೆ ವಿಶ್ರಾಂತಿ ಕೊಡಿ ಎಂದು ನಾನು ಬೇಡಿಕೊಂಡಾಗಲೆಲ್ಲ ನಕ್ಕಿದ್ದವರು, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ದಿಂಬಿಟ್ಟು, ಅದರ ಮೇಲೆ ಕಾಲು ನೀಡಿ ಕೂತರು.

ಪಶುವೈದ್ಯರು ಬೈಕಿನಲ್ಲಿ ಬಂದರು. ಗಾಯಕ್ಕೆ ಹಚ್ಚುವ ಔಷಧಿ ಕೊಟ್ಟು, ನನ್ನನ್ನೂ ಹಸುವನ್ನೂ ನೋಡಿದರು.

"ಈಗ ಇದು ನಿಮ್ಮ ಪೇಷೆಂಟಾ, ನಮ್ಮ ಪೇಷೆಂಟಾ ಮೇಡಂ?"

"ಹಸು ನಿಮ್ಮದು ಸರ್. ವಿದ್ಯಾರ್ಥಿನಿ ನನ್ನವಳು."

"ಹಾಗಾದ್ರೆ ಒದೆಸಿಕೊಳ್ಳೋದು ಯಾರು ಅನ್ನೋದೂ ಗೊತ್ತಾಯ್ತು" ಎಂದು ಅವರು ಪಕ್ಕಕ್ಕೆ ಸರಿದು ನಿಂತರು.

ಸೊಸೆ ಹಳೆಯ ಪಂಚೆಯೊಂದನ್ನು ಹರಿದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದಳು. ಆಶಾ ಹಸುವಿನ ತಲೆ ಹಿಡಿದಳು. ಪಶುವೈದ್ಯರು ಕಾಲಿಗೆ ಹಗ್ಗ ಹಾಕಿದರು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕಾಲೇಜಿನಲ್ಲಿ ಪ್ಲಾಸ್ಟಿಕ್ ಬೊಂಬೆಯ ಮುಂದೆ ನಮಗೆ ಹೇಳಿಕೊಟ್ಟಿದ್ದನ್ನೇ ಹೇಳಿಕೊಟ್ಟೆ. ಮೊದಲು ಕೈ. ಆಮೇಲೆ ಗಾಯದ ನಡುವಿನಿಂದ ಹೊರಕ್ಕೆ ಒರೆಸುವುದು, ಒಮ್ಮೆ ಒರೆಸಿದ ಬಟ್ಟೆಯನ್ನು ಮತ್ತೆ ಗಾಯಕ್ಕೆ ತರದಿರುವುದು. ಬೊಂಬೆ ಬಾಲ ಬೀಸುತ್ತಿರಲಿಲ್ಲ. ಹಾಲು ಹಾಕಿ ಡೈರಿಯಿಂದ ವಾಪಸ್ಸಾಗುತ್ತಿದ್ದವರು ಕ್ಯಾನುಗಳನ್ನು ಕೆಳಗಿಟ್ಟು ಸುತ್ತ ನಿಂತರು.

"ಬಿಗಿ ಸಾಲ್ದು ಕಣಮ್ಮಿ" ಎಂದರು ಒಬ್ಬರು.

"ಬಿಗಿ ಮಾಡಿದ್ರೆ ರಕ್ತ ಓಡಲ್ಲ ಮಾವ" ಎಂದಳು ಸೊಸೆ ತಲೆಯೆತ್ತದೆ. ಅದನ್ನು ನಾನು ಅವಳಿಗೆ ಹತ್ತು ನಿಮಿಷದ ಹಿಂದೆ ಹೇಳಿದ್ದೆ. ಹುಟ್ಟಿದಾಗಿನಿಂದ ಗೊತ್ತಿದ್ದವಳ ಹಾಗೆ ಹೇಳಿದಳು.

ಮಾರನೆಯ ಬೆಳಿಗ್ಗೆ ಆಶಾ ಫೋನ್ ಮಾಡಿದಳು. ಹಸು ಪಟ್ಟಿಯನ್ನು ತಿಂದುಬಿಟ್ಟಿತ್ತು.

ನಾನು ಹೋದಾಗ ಅಜ್ಜಿ ಕುರ್ಚಿಯಲ್ಲೇ ಇದ್ದರು, ಕಾಲು ಬಕೆಟ್ಟಿನ ಮೇಲೆಯೇ ಇತ್ತು. ಮುಖದಲ್ಲಿ ಮಾತ್ರ ಗೆದ್ದವರ ಕಳೆಯಿತ್ತು.

"ಪೇಲು" ಎಂದರು.

ಸೊಸೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. "ಅಸು ತಿಂದ್ರೆ ನನ್ ಕೈ ಏನ್ ಮಾಡ್ತದೆ? ನಿಮ್ ಕಾಲಿಗೆ ಕಟ್ಟಿದ್ರೆ ನೀವೂ ತಿಂತೀರಾ?"

ಆಶಾ ಕಂಬಕ್ಕೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು. ನಕ್ಕರೆ ಪರೀಕ್ಷೆಯ ಗಾಂಭೀರ್ಯ ಕೆಡುತ್ತದೆಂದು ಬಿಪಿ ಯಂತ್ರದ ಗಾಳಿಚೀಲವನ್ನು ಮಡಚಿ ಬಿಚ್ಚಿ ಮಾಡುತ್ತಾ ನಿಂತೆ.

ಮರುಪರೀಕ್ಷೆಗೆ ಅಜ್ಜಿ ಒಪ್ಪಿದರು. ಈ ಸಲ ಸೊಸೆ ಪಟ್ಟಿಯ ಮೇಲೆ ಗೋಣಿತಾಟಿನ ಒಂದು ಚೀಲ ಹೊಲಿದು ಹಾಕಿ, ಹಳೆಯ ಸೈಕಲ್ ಟ್ಯೂಬಿನಿಂದ ಕಟ್ಟಿದಳು. ಅದನ್ನು ನಾನು ಕಲಿಸಿರಲಿಲ್ಲ, ಪಶುವೈದ್ಯರೂ ಹೇಳಿರಲಿಲ್ಲ. ಗಾಯದ ಹತ್ತಿರ ಗಂಜಲ ನಿಲ್ಲಬಾರದೆಂದು ದಿನಕ್ಕೆರಡು ಸಲ ಕೊಟ್ಟಿಗೆ ತೊಳೆದಳು. ಹಾಲು ಹಾಕಲು ಡೈರಿಗೆ, ಹುಲ್ಲಿಗೆ ಹೊಲಕ್ಕೆ ಅವಳೇ ಓಡಾಡಿದಳು. ಅಜ್ಜಿಗೆ ಪುರುಸೊತ್ತಿರಲಿಲ್ಲ, ಕೂತೇ ಇರಬೇಕಿತ್ತಲ್ಲ.

ನಾನು ಬೆಂಗಳೂರಿಗೆ ಹೊರಡುವ ಹೊತ್ತಿಗೂ ಹಸುವಿನ ಗಾಯ ಪೂರ್ತಿ ಮಾಗಿರಲಿಲ್ಲ. ಕೊನೆಯ ಭೇಟಿಯಲ್ಲಿ ಅಜ್ಜಿಯ ಪಟ್ಟಿ ಬದಲಿಸುತ್ತಾ, "ನಾಳೆಯಿಂದ ಸೊಸೆಗೆ ಬಿಡಿ ಅಜ್ಜಿ. ಇದೊಂದು ವಾರ ತೊಳೆಯದೆ ಬಿಟ್ಟರೆ ಬೆರಳು ಉಳಿಯೋದಿಲ್ಲ" ಎಂದೆ. ಅವರು ಹಸುವಿನ ಕಡೆಗೇ ನೋಡುತ್ತಿದ್ದರು. "ಪಲಿತಾಂಸ ಬರ್ಲಿ" ಎಂದಷ್ಟೇ ಹೇಳಿದರು. ಸೊಸೆಯ ಕೈಗೆ ಪಟ್ಟಿ, ಸಲೈನ್ ಬಾಟಲಿ, ಕೈಗವಸುಗಳ ಪೊಟ್ಟಣ ಕೊಟ್ಟೆ. ಅವಳು ಅವನ್ನು ಹಸುವಿನ ಸಾಮಾನಿನಿಂದ ದೂರ, ದೇವರ ಗೂಡಿನ ಪಕ್ಕ ಇಟ್ಟಳು.

ತರಬೇತಿಯ ಕೋಣೆಯಲ್ಲಿ ಏಸಿ ಇತ್ತು. ಪರದೆಯ ಮೇಲೆ ಅಜ್ಜಿಯ ಹುಣ್ಣಿನಂಥದ್ದೇ ಹುಣ್ಣುಗಳ ಚಿತ್ರಗಳು ಬಂದವು, ಕೊನೆಗೆ ಬೆರಳುಗಳಿಲ್ಲದ ಒಂದು ಪಾದ. ಪಾಠ ಮಾಡುತ್ತಿದ್ದವರು, ಮನೆಯವರಿಗೆ ಪಟ್ಟಿ ಕಟ್ಟುವುದನ್ನು ಪ್ರಾತ್ಯಕ್ಷಿಕೆ ಮಾಡಿ ತೋರಿಸಿದವರು ಯಾರಿದ್ದೀರಿ ಎಂದು ಕೇಳಿದರು. ಕೈಯೆತ್ತಿದೆ.

"ವೆರಿ ಗುಡ್. ಯಾರ ಮೇಲೆ ಮಾಡಿ ತೋರಿಸಿದ್ರಿ?"

"ಕುಟುಂಬದ ಸದಸ್ಯರೊಬ್ಬರ ಮೇಲೆ" ಎಂದೆ.

"ಸಹಕರಿಸಿದ್ರಾ?"

"ಮೊದಲ ಸಲ ಇಲ್ಲ ಮೇಡಂ."

ಊಟದ ಬಿಡುವಿನಲ್ಲಿ ಆಶಾಗೆ ಫೋನ್ ಮಾಡಿದೆ.

"ಚೆನ್ನಾಗೈತೆ ಮೇಡಂ. ಕುಂಟೋದೇ ಬಿಟ್ಬಿಟ್ಟೈತೆ. ಆಲೂ ಜಾಸ್ತಿ ಆಗೈತೆ."

"ಹಸು ಅಲ್ಲ. ಅಜ್ಜಿ?"

"ಅಜ್ಜಮ್ಮ ಕುಂತೈತೆ."

"ಪಟ್ಟಿ ಬದಲಿಸ್ತಿದ್ದಾರಾ?"

"ಯಾರಿಗೆ?"

ಅಷ್ಟರಲ್ಲಿ ಆ ಕಡೆ ಬಸ್ಸೊಂದು ಹಾರನ್ ಹೊಡೆಯಿತು. ಅವಳು ಲಸಿಕೆಯ ದಿನ, ಜನ ಕಾಯ್ತಿದ್ದಾರೆ ಎಂದು ಫೋನಿಟ್ಟಳು. ಮತ್ತೆ ಮಾಡಿದಾಗಲೆಲ್ಲ ಸಿಗ್ನಲ್ ಇರಲಿಲ್ಲ. ಉಳಿದ ದಿನಗಳಲ್ಲಿ ಪರದೆಯ ಮೇಲೆ ಯಾವ ಪಾದ ಬಂದರೂ ಮೊದಲು ಹೆಬ್ಬೆರಳು ಇದೆಯೇ ಎಂದು ನೋಡುತ್ತಿದ್ದೆ. ರೈಲಿನಲ್ಲಿ ಬಂಗಾರಪೇಟೆಗೆ ವಾಪಸ್ಸಾಗುವಾಗ, ಅಜ್ಜಿಯನ್ನು ಅಲ್ಲಿನ ಆಸ್ಪತ್ರೆಗೆ ಕರೆತರಬೇಕಾದರೆ ಗಾಡಿ ಯಾರದ್ದು, ಜೊತೆಗೆ ಯಾರು ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಸೊಸೆಗೆ ಏನು ಹೇಳಬೇಕೆಂಬುದು ಮಾತ್ರ ಹೊಂದಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಹೋದೆ. ಮನೆಯ ಮುಂದೆ ಹಸು ನಾಲ್ಕೂ ಕಾಲುಗಳ ಮೇಲೆ ನೆಟ್ಟಗೆ ನಿಂತು ಮೆಲುಕು ಹಾಕುತ್ತಿತ್ತು. ಗೋಣಿತಾಟಿನ ಚೀಲ ಇರಲಿಲ್ಲ. ಗಾಯದ ಜಾಗದಲ್ಲಿ ಕಪ್ಪು ಹಕ್ಕಳೆ. ಅಜ್ಜಿ ಕುರ್ಚಿಯಲ್ಲಿದ್ದರು. ಬಕೆಟ್ಟಿನ ಮೇಲಿದ್ದ ಕಾಲಿನಲ್ಲಿ ಬಿಳಿಯ ಪಟ್ಟಿ, ಅಂಚು ಮಡಚಿ ಅಂಟಿಸಿದ ರೀತಿ ನನ್ನದಲ್ಲ.

ಚೀಲ ಕೆಳಗಿಟ್ಟು, ಕೈ ತೊಳೆದು, ಮುಂದೆ ಕೂತು ಪಟ್ಟಿಗೆ ಕೈ ಹಾಕಿದೆ. ಅಜ್ಜಿ ಕಾಲನ್ನು ಹಿಂದಕ್ಕೆಳೆದುಕೊಂಡರು.

"ಬ್ಯಾಡ ಕಣಮ್ಮ, ಬೇಜಾರು ಮಾಡ್ಕಬ್ಯಾಡ. ನಮ್ ಸೊಸೆ ಬರ್ಲಿ."

"ನಾನು ಬರೀ ನೋಡ್ತೀನಿ ಅಜ್ಜಿ."

"ಅವಳು ಬಿಚ್ಚಿದ್ ಮ್ಯಾಲೆ ನೋಡು. ನಿನ್ ಕೈನೂ ಒಳ್ಳೇದೇ. ಆದ್ರೆ ಅಸುನಾ ಪಾಸು ಮಾಡಿರೋಳು ಅವಳು."

ಅಷ್ಟರಲ್ಲಿ ಬಂದು ನಿಂತಿದ್ದ ಆಶಾ ಗೋಡೆಯ ಕಡೆ ಮುಖ ತಿರುಗಿಸಿದಳು. ಪಕ್ಕದ ಮನೆಯ ಹೆಂಗಸೊಬ್ಬರು ಬಟ್ಟಲಲ್ಲಿ ಬೀನ್ಸ್ ಬೀಜ ಹಿಡಿದುಕೊಂಡು ಬಂದವರು ನನ್ನನ್ನು ನೋಡಿ ನಕ್ಕು, ಒಳಗೆ ಇಣುಕಿ, "ಇಲ್ವಾ ಅವಳು?" ಎಂದು ಕೇಳಿ ಜಗಲಿಯ ತುದಿಯಲ್ಲಿ ಕೂತರು.

ನಾನೂ ಕೂತೆ. ಡೈರಿಯಿಂದ ಸೊಸೆ ಬಂದಳು. ಖಾಲಿ ಕ್ಯಾನು ಇಟ್ಟು, ಅವಸರವಿಲ್ಲದೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈಗಳನ್ನು ಮೇಲಕ್ಕೆ ಹಿಡಿದುಕೊಂಡೇ ಒಳಗೆ ಹೋಗಿ ಪೊಟ್ಟಣ ತಂದಳು. ಅಜ್ಜಿ ತಾವಾಗಿಯೇ ಕಾಲು ಮುಂದಕ್ಕೆ ನೀಡಿದರು. ಪಟ್ಟಿ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ವಾಸನೆ ಇರಲಿಲ್ಲ. ಹಳ್ಳ ತುಂಬಿಕೊಂಡು ಮೇಲಕ್ಕೆ ಬಂದಿತ್ತು. ಅಂಚಿನಿಂದ ಒಳಕ್ಕೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಗುಲಾಬಿ ಚರ್ಮ ಹೊರಟಿತ್ತು. ಹೆಬ್ಬೆರಳು ಅದರ ಜಾಗದಲ್ಲಿತ್ತು.

"ಒಸಿ ಜರುಗ್ತೀರಾ ಮೇಡಂ, ಬೆಳಕಿಗೆ ಅಡ್ಡ ಆಗ್ತೈತೆ" ಎಂದಳು ಸೊಸೆ.

ನಾನು ಜರುಗಿದೆ.